ಹೊಸ ಕಾರು ಖರೀದಿ: ನಂಬರ್ ಬೀಳುವ ಮುನ್ನ ನೋಡಬೇಕಾದ್ದೇನು? ಕೈಕೊಟ್ಟರೆ ದೂರು ಎಲ್ಲಿ?

ಷೋರೂಮಿನಲ್ಲಿ ಕಾರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಮನೆಮಂದಿಯೆಲ್ಲ ಸೇರಿ ಫೋಟೊ ತೆಗೆಸಿಕೊಳ್ಳುವ ದಿನ ಕಾರನ್ನು ಪರಿಶೀಲಿಸುವ ದಿನವಲ್ಲ. ಆ ಹೊತ್ತಿಗೆ ಪೂರ್ತಿ ಹಣ ಪಾವತಿಯಾಗಿರುತ್ತದೆ. ಬ್ಯಾಂಕ್ ಸಾಲದ ಮೊತ್ತ ಡೀಲರ್ ಖಾತೆ ಸೇರಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಾಹನ ಗ್ರಾಹಕರ ಹೆಸರಿನಲ್ಲಿ ನೋಂದಣಿ ಆಗಿರುತ್ತದೆ. ಬಾಗಿಲಿನ ಬಣ್ಣದಲ್ಲಿ ವ್ಯತ್ಯಾಸ ಕಂಡರೂ, ಮೀಟರ್‌ನಲ್ಲಿ ನೂರಾರು ಕಿ.ಮೀ. ಓಡಿದ್ದು ತೋರಿಸಿದರೂ 'ಈ ಕಾರು ಬೇಡ, ಬೇರೆ ಕೊಡಿ' ಎನ್ನುವುದು ಆಗ ಸುಲಭವಲ್ಲ. ನೋಂದಣಿಯಾದ ಕಾರು ಡೀಲರ್ ಪಾಲಿಗೆ ಸೆಕೆಂಡ್ ಹ್ಯಾಂಡ್ ಕಾರು.

ಇದಕ್ಕೆ ಕಾರಣ ಕಾನೂನಿನಲ್ಲೇ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಡೀಲರ್ ಇರುವ ರಾಜ್ಯದಲ್ಲೇ ಹೊಸ ವಾಹನ ನೋಂದಣಿಯಾಗುವುದಾದರೆ ಅರ್ಜಿ ಸಲ್ಲಿಸಬೇಕಾದವರು ಡೀಲರ್. ನೋಂದಣಿ ಸಂಖ್ಯೆ ಹಾಕದೆ ವಾಹನವನ್ನು ಗ್ರಾಹಕರಿಗೆ ಒಪ್ಪಿಸುವಂತಿಲ್ಲ. ಅಧಿಕೃತ ಡೀಲರ್ ಮಾರಿದ ಹೊಸ ವಾಹನವನ್ನು ಮೊದಲ ನೋಂದಣಿಗಾಗಿ ಆರ್‌ಟಿಒ ಕಚೇರಿಗೆ ಒಯ್ದು ತೋರಿಸುವ ಅಗತ್ಯವೂ ಈಗಿಲ್ಲ. ಅಲೆದಾಟ ತಪ್ಪಿತು ನಿಜ. ಆದರೆ ಖರೀದಿದಾರರು ಕಾರನ್ನು ಕಣ್ಣಿಂದ ನೋಡುವ ಮೊದಲೇ ಅದು ಅವರ ಹೆಸರಿಗೆ ಬಂದಿರುವ ಸ್ಥಿತಿಯೂ ಬಂತು. ಆದ್ದರಿಂದ ಪರಿಶೀಲನೆ ನಡೆಯಬೇಕಾದ ಜಾಗ ಷೋರೂಮ್ ಅಲ್ಲ, ಕಾರು ನಿಂತಿರುವ ಡೀಲರ್‌ನ ಯಾರ್ಡ್. ಸಮಯ, ನೋಂದಣಿಗೆ ಮುನ್ನ.

ಚಾಸಿ ಸಂಖ್ಯೆ ಮೊದಲು, ಬಾಕಿ ಹಣ ಆಮೇಲೆ

ಬುಕಿಂಗ್ ಮುಂಗಡ ಕೊಟ್ಟ ಮೇಲೆ ಡೀಲರ್‌ನಿಂದ ಮೊದಲು ಕೇಳಬೇಕಾದ್ದು ಕಾರಿನ ಚಾಸಿ ಸಂಖ್ಯೆ. 17 ಅಕ್ಷರ-ಅಂಕಿಗಳ ಈ ಸಂಖ್ಯೆ ಒಂದು ಕಾರಿಗೆ ಇದ್ದದ್ದು ಇನ್ನೊಂದಕ್ಕೆ ಇರುವುದಿಲ್ಲ. ಇದನ್ನು ವಾಟ್ಸ್‌ಆ್ಯಪ್ ಅಥವಾ ಇಮೇಲ್‌ನಲ್ಲಿ ತರಿಸಿಕೊಂಡು, ಯಾರ್ಡ್‌ಗೆ ಹೋಗಿ ಅದೇ ಸಂಖ್ಯೆಯ ಕಾರನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಅರ್ಧ ಗಂಟೆ ಸಾಕು. ಬಣ್ಣದ ಛಾಯೆ ಎಲ್ಲ ಬಾಗಿಲುಗಳಲ್ಲೂ ಒಂದೇ ಇದೆಯೇ, ಬಾನೆಟ್ ಬೋಲ್ಟ್‌ಗಳ ಮೇಲೆ ಸ್ಪ್ಯಾನರ್ ಆಡಿಸಿದ ಗುರುತಿದೆಯೇ, ಮೀಟರ್ ಎಷ್ಟು ತೋರಿಸುತ್ತಿದೆ, ಸ್ಟೆಪ್ನಿ ಟೈರ್ ಇದೆಯೇ ಎಂದು ನೋಡಿ. ಟೈರ್ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ, ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. '1425' ಎಂದಿದ್ದರೆ 2025ರ 14ನೇ ವಾರ. ಕಾರಿನ ವಯಸ್ಸನ್ನು ಅಂದಾಜು ಮಾಡಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಅಂದಾಜು ಸಾಲದು ಎನ್ನುವವರಿಗೆ ದಾಖಲೆಯೇ ಇದೆ. ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರ, ಅಂದರೆ ಫಾರ್ಮ್ 21ರಲ್ಲಿ ಕಾರು ತಯಾರಾದ ತಿಂಗಳು ಮತ್ತು ವರ್ಷ ನಮೂದಾಗಿರಬೇಕು. ಆರ್‌ಸಿಯಲ್ಲೂ ಅದೇ ಬರುತ್ತದೆ. ಜನವರಿಯಲ್ಲಿ ಕಾರು ಕೊಂಡವರಿಗೆ ಹಿಂದಿನ ವರ್ಷದ ಡಿಸೆಂಬರ್ ಅಥವಾ ಅದಕ್ಕೂ ಹಳೆಯ ಕಾರು ಸಿಗುವುದು ಅಪರೂಪವಲ್ಲ. ಅದು ತಪ್ಪೂ ಅಲ್ಲ, ತಿಳಿಸಿ ಕೊಟ್ಟರೆ ಮತ್ತು ಬೆಲೆಯಲ್ಲಿ ಇಳಿಸಿದರೆ. ಮುಂದೆ ಮಾರುವಾಗ ಲೆಕ್ಕಕ್ಕೆ ಬರುವುದು ತಯಾರಾದ ವರ್ಷವೇ ಎಂಬುದು ಮಾತ್ರ ನೆನಪಿರಲಿ.

ತಿಳಿಸದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಗೋವಾದ ಪ್ರಕರಣವೊಂದು ಸುಪ್ರೀಂ ಕೋರ್ಟ್‌ವರೆಗೆ ಹೋದ ಉದಾಹರಣೆ ಇದೆ. 2011ರಲ್ಲಿ ಹೊಸ ಕಾರಿಗೆಂದು ಹಣ ಕೊಟ್ಟವರಿಗೆ ಡೀಲರ್ ಕೊಟ್ಟದ್ದು 2009ರಲ್ಲಿ ತಯಾರಾಗಿ, ಆಗಲೇ 622 ಕಿ.ಮೀ. ಓಡಿದ್ದ ಕಾರು. ಗ್ರಾಹಕರ ವೇದಿಕೆಗಳು ಡೀಲರ್ ಜೊತೆ ತಯಾರಕ ಕಂಪನಿ ಟಾಟಾ ಮೋಟಾರ್ಸ್ ಅನ್ನೂ ಹೊಣೆ ಮಾಡಿದ್ದವು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯನ್ನು ಹೊಣೆಯಿಂದ ಬಿಡಿಸಿತು. ಕಂಪನಿ ಮತ್ತು ಡೀಲರ್ ನಡುವೆ ಇರುವುದು ಮಾರುವವ-ಕೊಳ್ಳುವವರ ಸಂಬಂಧ, ಡೀಲರ್ ಮಾಡಿದ ಮೋಸ ಕಂಪನಿಗೆ ಗೊತ್ತಿತ್ತು ಎಂದು ತೋರಿಸದೆ ಅದನ್ನು ಕಂಪನಿಯ ತಲೆಗೆ ಕಟ್ಟಲಾಗದು ಎಂಬುದು ತೀರ್ಪಿನ ತಿರುಳು. ದೊಡ್ಡ ಬ್ರ್ಯಾಂಡ್‌ನ ಬೋರ್ಡ್ ನೋಡಿ ಒಳಗೆ ಹೋದರೂ ವ್ಯವಹಾರ ನಡೆಯುವುದು ಡೀಲರ್ ಜೊತೆಗೇ.

ಯಾರ್ಡ್‌ನಲ್ಲಿ ಕಾರು ತೋರಿಸಲು ಡೀಲರ್ ಒಪ್ಪದಿದ್ದರೆ? ಹೀಗೆಯೇ ತೋರಿಸಬೇಕೆಂದು ಬಲವಂತ ಮಾಡುವ ಪ್ರತ್ಯೇಕ ನಿಯಮ ಕಾಯ್ದೆಯಲ್ಲಿಲ್ಲ. ಆದರೆ ಬಾಕಿ ಹಣ ಆಗಿನ್ನೂ ಗ್ರಾಹಕರ ಕೈಯಲ್ಲಿರುತ್ತದೆ. ನೋಂದಣಿಗೆ ಮುನ್ನ ಪರಿಶೀಲನೆಗೆ ಅವಕಾಶ ಎಂಬ ಒಂದು ಸಾಲನ್ನು ಬುಕಿಂಗ್ ಫಾರ್ಮಿನಲ್ಲೇ ಬರೆಸಿಕೊಳ್ಳುವುದು ಉತ್ತಮ. ಅದೇ ಫಾರ್ಮಿನ ಹಿಂಬದಿಯ ಸಣ್ಣಕ್ಷರಗಳಲ್ಲಿ 'ಡೆಲಿವರಿ ದಿನದ ಬೆಲೆ ಅನ್ವಯ' ಎಂದೂ, ರದ್ದು ಮಾಡಿದರೆ ಎಷ್ಟು ಕಡಿತ ಎಂದೂ ಇರುತ್ತದೆ. ಸಹಿಗೆ ಮುನ್ನ ಓದಬೇಕಾದ ಭಾಗ ಅದು.

ಆನ್‌ರೋಡ್ ಬೆಲೆಯೊಳಗೆ ಏನೇನಿದೆ?

ಎಕ್ಸ್ ಷೋರೂಮ್ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ (4 ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿವರೆಗೆ) ಶೇ 18, ದೊಡ್ಡವುಗಳಿಗೆ ಶೇ 40 ಜಿಎಸ್‌ಟಿ ಇದೆ, ಹಿಂದಿನ ಸೆಸ್ ಇಲ್ಲ. ಎಲೆಕ್ಟ್ರಿಕ್ ಕಾರುಗಳಿಗೆ ಶೇ 5. ಇದರ ಮೇಲೆ ರಾಜ್ಯದ ರಸ್ತೆ ತೆರಿಗೆ, ನೋಂದಣಿ ಶುಲ್ಕ, ವಿಮೆ, ಫಾಸ್ಟ್‌ಟ್ಯಾಗ್ ಸೇರುತ್ತವೆ. ಕಾರಿನ ಬೆಲೆ 10 ಲಕ್ಷ ರೂ. ದಾಟಿದರೆ ಶೇ 1ರಷ್ಟು ಟಿಸಿಎಸ್ ಕೂಡ ಇದೆ. ಅದು ಕಳೆದುಹೋಗುವ ಹಣವಲ್ಲ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಇವುಗಳ ನಡುವೆ ಕೆಲವೊಮ್ಮೆ 'ಹ್ಯಾಂಡ್ಲಿಂಗ್ ಚಾರ್ಜ್', 'ಲಾಜಿಸ್ಟಿಕ್ಸ್ ಚಾರ್ಜ್' ಎಂಬ ಸಾಲು ನುಸುಳುತ್ತದೆ. ಈ ಹೆಸರಿನ ಸರ್ಕಾರಿ ಶುಲ್ಕ ಯಾವುದೂ ಇಲ್ಲ. ಕೊಟೇಶನ್‌ನ ಪ್ರತಿ ಸಾಲಿಗೂ ಇದು ಯಾರಿಗೆ ಹೋಗುವ ಹಣ, ಇದಕ್ಕೆ ರಸೀದಿ ಸಿಗುತ್ತದೆಯೇ ಎಂದು ಕೇಳಿದರೆ ಹಲವು ಬಾರಿ ಆ ಸಾಲೇ ಮಾಯವಾಗುತ್ತದೆ.

ಇನ್ನೊಂದು ಹಳೆಯ ವರಸೆ, 'ಈ ಆಕ್ಸೆಸರಿ ಕಿಟ್ ತಗೊಂಡ್ರೆ ಮಾತ್ರ ಬೇಗ ಡೆಲಿವರಿ'. ಒಂದು ವಸ್ತುವನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಷರತ್ತು ಹಾಕುವುದನ್ನು ಗ್ರಾಹಕ ರಕ್ಷಣಾ ಕಾಯ್ದೆ 2019 ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ. ಬಿಲ್ ಕೊಡದಿರುವುದು ಅದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಎರಡಕ್ಕೂ ದೂರು ಕೊಡಬಹುದು. ಆದರೆ ಷರತ್ತು ಬಾಯಿಮಾತಿನಲ್ಲೇ ಉಳಿದರೆ ಸಾಬೀತುಪಡಿಸುವುದು ಕಷ್ಟ. 'ಕಿಟ್ ಬೇಡ ಎಂದಿದ್ದೇನೆ, ಡೆಲಿವರಿ ದಿನಾಂಕ ತಿಳಿಸಿ' ಎಂದು ಒಂದು ಇಮೇಲ್ ಕಳಿಸಿಟ್ಟರೆ ಅದೇ ಸಾಕ್ಷಿ.

ವಿಮೆಯ ವಿಷಯಕ್ಕೆ ಬಂದರೆ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದನ್ನು ಡೀಲರ್ ಹೇಳಿದ ಕಂಪನಿಯಿಂದಲೇ ಮಾಡಿಸಬೇಕೆಂಬ ಕಾನೂನು ಇಲ್ಲ. ಹೊರಗೆ ಎರಡು-ಮೂರು ಕಡೆ ದರ ವಿಚಾರಿಸಿ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಹಳೆಯ ಕಾರು ಮಾರಿ ಹೊಸದು ಕೊಳ್ಳುವವರು ಇಲ್ಲಿ ಕಳೆದುಕೊಳ್ಳುವುದು ಹೆಚ್ಚು. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಸ್ವಂತ ಹಾನಿ ವಿಮೆಯ ಪ್ರೀಮಿಯಂನಲ್ಲಿ ಗರಿಷ್ಠ ಶೇ 50ರವರೆಗೆ ಇದು ಕಡಿತ ಕೊಡುತ್ತದೆ. ಹಳೆಯ ವಿಮಾ ಕಂಪನಿಯಿಂದ ಬೋನಸ್ ಪತ್ರ ಪಡೆದು ಹೊಸ ಪಾಲಿಸಿಗೆ ಸೇರಿಸಬೇಕು. ಎಕ್ಸ್‌ಚೇಂಜ್ ಗಡಿಬಿಡಿಯಲ್ಲಿ ಇದನ್ನು ನೆನಪಿಸುವವರು ಯಾರೂ ಇರುವುದಿಲ್ಲ.

ಕೊಳ್ಳುವುದು ಬೆಂಗಳೂರಲ್ಲಿ, ಓಡಿಸುವುದು ಪುಣೆಯಲ್ಲಿ

ಹೊರ ರಾಜ್ಯದಲ್ಲಿರುವ ಕನ್ನಡಿಗರಿಗೆ ಎದುರಾಗುವ ಪ್ರಶ್ನೆ ಇದು. ಊರಿನಲ್ಲಿ ಪರಿಚಯದ ಡೀಲರ್ ಇದ್ದಾರೆ, ರಿಯಾಯಿತಿ ಕೊಡುತ್ತಾರೆ, ಅಲ್ಲೇ ಕೊಂಡರೆ ಆಗದೇ? ಕೊಳ್ಳಬಹುದು. ಆದರೆ ಮಾಲೀಕರು ವಾಸವಿರುವ ಅಥವಾ ವ್ಯವಹಾರ ನಡೆಸುವ, ವಾಹನ ಸಾಮಾನ್ಯವಾಗಿ ಇರುವ ರಾಜ್ಯದಲ್ಲಿ ನೋಂದಣಿ ಆಗಬೇಕು ಎನ್ನುತ್ತದೆ ಕಾಯ್ದೆ. ಬೆಂಗಳೂರಿನಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ ಪುಣೆಗೆ ತಂದು, ಅಲ್ಲಿ ಕಾಯಂ ನೋಂದಣಿ ಮಾಡಿಸುವುದು ಸರಿಯಾದ ದಾರಿ.

ಊರಿನ ವಿಳಾಸದಲ್ಲಿ 'ಕೆಎ' ನಂಬರ್ ಮಾಡಿಸಿಕೊಂಡು ಬಂದರೆ ಎರಡು ಸಲ ಹೊರೆ. ಬೇರೆ ರಾಜ್ಯದಲ್ಲಿ ವಾಹನ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ಹೊಸ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ ಬೇಕು, ಹೊಸ ರಾಜ್ಯದ ತೆರಿಗೆ ಕಟ್ಟಬೇಕು, ಕರ್ನಾಟಕದಲ್ಲಿ ಕಟ್ಟಿದ ಜೀವಿತಾವಧಿ ತೆರಿಗೆಯ ಉಳಿದ ಭಾಗಕ್ಕೆ ಮರುಪಾವತಿ ಅರ್ಜಿ ಹಾಕಬೇಕು. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ತೆರಿಗೆ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ, ಅದರ ಮೇಲೆ ಸೆಸ್. ದೆಹಲಿಯಲ್ಲಿ ಖಾಸಗಿ ಪೆಟ್ರೋಲ್ ಕಾರಿಗೆ ಶೇ 4ರಿಂದ 10. ದೆಹಲಿಯಲ್ಲಿದ್ದುಕೊಂಡು ಊರಿನ ನಂಬರ್ ಮೋಹಕ್ಕೆ ಬೀಳುವ ಮುನ್ನ ಈ ಲೆಕ್ಕ ಹಾಕಿ ನೋಡಬಹುದು.

ಆಗಾಗ ವರ್ಗವಾಗುವವರಿಗೆ 2021ರ ಸೆಪ್ಟೆಂಬರ್ 15ರಿಂದ ಬಂದಿರುವ ಬಿಎಚ್ ಸರಣಿ ಅನುಕೂಲ. ಕೇಂದ್ರ, ರಾಜ್ಯ ಸರ್ಕಾರಿ ನೌಕರರು, ಸೇನಾ ಸಿಬ್ಬಂದಿ, ಸಾರ್ವಜನಿಕ ಉದ್ದಿಮೆಗಳ ನೌಕರರು ಇದಕ್ಕೆ ಅರ್ಹರು. ನಾಲ್ಕು ಅಥವಾ ಹೆಚ್ಚು ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಗಳ ನೌಕರರೂ ಪಡೆಯಬಹುದು, ಅದಕ್ಕೆ ಕಂಪನಿಯಿಂದ ಫಾರ್ಮ್ 60 ಬೇಕು. ತೆರಿಗೆಯನ್ನು ಒಮ್ಮೆಲೇ ಕಟ್ಟದೆ ಎರಡೆರಡು ವರ್ಷದ ಲೆಕ್ಕದಲ್ಲಿ ಕಟ್ಟುತ್ತಾ ಹೋಗಬಹುದು. ರಾಜ್ಯ ಬದಲಾದರೆ ನಂಬರ್ ಬದಲಿಸಬೇಕಿಲ್ಲ.

ದೋಷ ಕಂಡರೆ: ಜಾಬ್ ಕಾರ್ಡ್ ಬಿಡಬೇಡಿ

ಗೇರ್ ಬೀಳುತ್ತಿಲ್ಲ, ಎಂಜಿನ್‌ನಿಂದ ಸದ್ದು ಬರುತ್ತಿದೆ ಎಂದು ಸರ್ವಿಸ್ ಸೆಂಟರ್‌ಗೆ ಹೋದಾಗ 'ಹಾಗೇ ನೋಡಿಕೊಡ್ತೀವಿ ಸರ್' ಎಂದು ಜಾಬ್ ಕಾರ್ಡ್ ಇಲ್ಲದೆ ಕಾರು ಒಳಗೆ ಹೋಗುತ್ತದೆ. ಉಪಚಾರದಂತೆ ಕಂಡರೂ ಮುಂದೆ ಮುಳುವಾಗುವುದು ಇದೇ. ಒಂದೇ ದೋಷಕ್ಕೆ ಐದು ಬಾರಿ ಹೋಗಿದ್ದರೆ ಐದು ಜಾಬ್ ಕಾರ್ಡ್ ಇರಬೇಕು, ಪ್ರತಿಯೊಂದರಲ್ಲೂ ದೋಷವನ್ನು ಗ್ರಾಹಕರ ಮಾತಿನಲ್ಲೇ ಬರೆದಿರಬೇಕು. ತಯಾರಿಕಾ ದೋಷ ಎಂದು ವಾದಿಸಲು ಆಧಾರ ಆ ಕಾಗದಗಳೇ.

ಕಾರು ಕೆಟ್ಟರೆ ಹೊಸ ಕಾರು ಕೊಡಲೇಬೇಕು ಎಂಬ ನಂಬಿಕೆ ಪೂರ್ತಿ ನಿಜವಲ್ಲ. ವಾರಂಟಿ ಕರಾರು ದೋಷವಿರುವ ಭಾಗವನ್ನು ರಿಪೇರಿ ಅಥವಾ ಬದಲಾವಣೆ ಮಾಡಿಕೊಡುವುದಕ್ಕೆ ಸೀಮಿತವಾಗಿದ್ದರೆ ಇಡೀ ಕಾರನ್ನು ಬದಲಿಸಲು ಆದೇಶಿಸಲಾಗದು ಎಂದು 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಪರಿಹಾರ ಕೊಡಿಸಿತ್ತು. ಆದರೆ ದೋಷ ಜೀವಕ್ಕೇ ಕುತ್ತು ತರುವಂಥದ್ದಾದರೆ ನ್ಯಾಯಾಲಯದ ಧೋರಣೆ ಬೇರೆ. ಹುಂಡೈ ಕ್ರೆಟಾ ಕಾರೊಂದು 2017ರಲ್ಲಿ ಅಪಘಾತಕ್ಕೀಡಾದಾಗ ಮುಂಭಾಗದ ಏರ್‌ಬ್ಯಾಗ್ ತೆರೆದುಕೊಂಡಿರಲಿಲ್ಲ. ಡಿಕ್ಕಿಯ ವೇಗ, ಬಲದ ಸಿದ್ಧಾಂತವನ್ನೆಲ್ಲ ಲೆಕ್ಕ ಹಾಕಲು ಗ್ರಾಹಕರು ಭೌತಶಾಸ್ತ್ರ ತಜ್ಞರೇನಲ್ಲ ಎಂಬ ನಿಲುವು ತಳೆದ ಸುಪ್ರೀಂ ಕೋರ್ಟ್, 2022ರಲ್ಲಿ 3 ಲಕ್ಷ ರೂ. ಪರಿಹಾರ ಮತ್ತು ವಾಹನ ಬದಲಾವಣೆಯ ಆದೇಶವನ್ನು ಎತ್ತಿಹಿಡಿಯಿತು.

ಒಂದೇ ಮಾದರಿಯ ಹಲವು ಕಾರುಗಳಲ್ಲಿ ಸುರಕ್ಷತೆಯ ದೋಷ ಕಂಡುಬಂದರೆ ರೀಕಾಲ್‌ಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಸಾರಿಗೆ ಸಚಿವಾಲಯದ ಪೋರ್ಟಲ್‌ನಲ್ಲಿ ಮಾಲೀಕರೇ ದೋಷ ದಾಖಲಿಸಬಹುದು.

ದೂರು ಎಲ್ಲಿ, ಎಷ್ಟು ದಿನದೊಳಗೆ?

ಮೊದಲ ಹೆಜ್ಜೆ ಡೀಲರ್ ಮತ್ತು ಕಂಪನಿ ಇಬ್ಬರಿಗೂ ಲಿಖಿತ ದೂರು. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇದು ತೀರ್ಪು ಕೊಡುವ ವ್ಯವಸ್ಥೆಯಲ್ಲ, ದೂರನ್ನು ಕಂಪನಿಗೆ ತಲುಪಿಸಿ ರಾಜಿ ಮಾಡಿಸುವ ವ್ಯವಸ್ಥೆ. ಬೋನಸ್, ರೀಫಂಡ್‌ನಂಥ ಸಣ್ಣ ತಕರಾರುಗಳಿಗೆ ಮೊದಲು ಇಲ್ಲಿ ಪ್ರಯತ್ನಿಸಬಹುದು.

ಬಗೆಹರಿಯದಿದ್ದರೆ ಗ್ರಾಹಕರ ಆಯೋಗ. ಕಾರಿಗೆ ಕೊಟ್ಟ ಬೆಲೆ 50 ಲಕ್ಷ ರೂ.ವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲಾದರೆ ರಾಷ್ಟ್ರೀಯ ಆಯೋಗ. ಹೊರಗಿರುವ ಕನ್ನಡಿಗರಿಗೆ 2019ರ ಕಾಯ್ದೆಯ ದೊಡ್ಡ ಅನುಕೂಲ ಇಲ್ಲಿದೆ: ದೂರುದಾರರು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಹುಬ್ಬಳ್ಳಿಯಲ್ಲಿ ಕೊಂಡ ಕಾರಿನ ಬಗ್ಗೆ ಪುಣೆಯಲ್ಲಿ ವಾಸವಿರುವವರು ಪುಣೆಯಲ್ಲೇ ದೂರು ಕೊಡಬಹುದು. ಹಳೆಯ ಕಾಯ್ದೆಯಲ್ಲಿ ಈ ಅವಕಾಶ ಇರಲಿಲ್ಲ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಶುಲ್ಕ, 5 ಲಕ್ಷ ರೂ.ವರೆಗಿನ ಖರೀದಿಗೆ ಇಲ್ಲ, 10 ಲಕ್ಷದವರೆಗೆ 200 ರೂ., 20 ಲಕ್ಷದವರೆಗೆ 400 ರೂ., 50 ಲಕ್ಷದವರೆಗೆ 1000 ರೂ. ವಕೀಲರು ಕಡ್ಡಾಯವಲ್ಲ.

ದೂರಿನಲ್ಲಿ ಡೀಲರ್ ಮತ್ತು ತಯಾರಕರು ಇಬ್ಬರನ್ನೂ ಪ್ರತಿವಾದಿಗಳಾಗಿ ಸೇರಿಸಿ, ಯಾರ ತಪ್ಪು ಯಾವುದು ಎಂದು ಬಿಡಿಸಿ ಬರೆಯುವುದು ಒಳ್ಳೆಯದು. ಗೋವಾ ಪ್ರಕರಣ ನೆನಪಿಸುವುದು ಅದನ್ನೇ. ದೋಷ ಪತ್ತೆಗೆ ಕಾರನ್ನು ಸೂಕ್ತ ಪ್ರಯೋಗಾಲಯದ ಪರೀಕ್ಷೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಪರೀಕ್ಷೆ ಬೇಕಿಲ್ಲದ ದೂರುಗಳನ್ನು 3 ತಿಂಗಳಲ್ಲಿ, ಬೇಕಿರುವುದನ್ನು 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ವರ್ಷಗಳೇ ಹಿಡಿಯುವುದುಂಟು. ಅಷ್ಟು ದಿನ ಕಾರಿನ ಇಎಂಐ ಮಾತ್ರ ತಪ್ಪದೆ ಕಟ್ಟುತ್ತಿರಬೇಕು, ಡೀಲರ್ ಜೊತೆಗಿನ ಜಗಳ ಬ್ಯಾಂಕಿಗೆ ಸಂಬಂಧಿಸಿದ್ದಲ್ಲ.

ವಾಣಿಜ್ಯ ಉದ್ದೇಶಕ್ಕೆ ಕೊಂಡ ವಾಹನಗಳಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ. ಆದರೆ ಸ್ವಂತ ದುಡಿಮೆಗಾಗಿ, ಜೀವನೋಪಾಯಕ್ಕಾಗಿ ಒಂದು ಟ್ಯಾಕ್ಸಿ ಕೊಂಡು ತಾವೇ ಓಡಿಸುವವರು ಗ್ರಾಹಕರೇ. ದೂರು ಸಲ್ಲಿಸಲು ಎಲ್ಲರಿಗೂ ಇರುವ ಗಡುವು ಎರಡು ವರ್ಷ. ಅದು ಎಣಿಕೆಯಾಗುವುದು ದೂರಿಗೆ ಕಾರಣ ಹುಟ್ಟಿದ ದಿನದಿಂದ. 'ಮುಂದಿನ ಸರ್ವಿಸ್‌ನಲ್ಲಿ ಸರಿ ಮಾಡೋಣ' ಎಂಬ ಭರವಸೆ ನಂಬಿ ಕೂತರೆ ಆ ಎಣಿಕೆ ನಿಲ್ಲುವುದಿಲ್ಲ.