ಪೀಸಾದ ವಾಲುಗೋಪುರ: ಮಣ್ಣು ಇಟ್ಟ ಲೆಕ್ಕ

ಇಟಲಿ ದೇಶದ ಪೀಸಾ ಪಟ್ಟಣದಲ್ಲಿ ಬೆರ್ತಾ ಎಂಬ ವಿಧವೆ 1172ರಲ್ಲಿ ತನ್ನ ವೀಲುನಾಮೆಯಲ್ಲಿ ಅರುವತ್ತು ಸೋಲ್ದಿ ನಾಣ್ಯಗಳನ್ನು ಊರಿನ ಮಹಾ ಇಗರ್ಜಿಯ ಗಂಟೆಗೋಪುರಕ್ಕೆ ಕಲ್ಲು ತರಿಸಲೆಂದು ಬರೆದಿಟ್ಟಳು. ಇಂದು ಲೋಕವೆಲ್ಲ ಬಲ್ಲ ವಾಲುಗೋಪುರದ ಚರಿತ್ರೆ ಇಂತಹದೊಂದು ಜಮೆಯಿಂದ ಆರಂಭವಾಗುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ನನಗೆ ಈ ಗೋಪುರದ ಮೇಲೆ ಆಸಕ್ತಿ ಹುಟ್ಟಿದ್ದೂ ಅದರ ಲೆಕ್ಕದಿಂದಲೇ. ನಾನು ಇಂಜಿನಿಯರನಲ್ಲ, ಬಿ.ಎ. ಓದುವಾಗ ಚರಿತ್ರೆ ನನ್ನ ವಿಷಯವಾಗಿತ್ತು. ಎಂಟೂವರೆ ಶತಮಾನಗಳ ಈ ಕಥೆಯನ್ನು ಓದುತ್ತ ಹೋದಂತೆ ಒಂದು ಮಾತು ನನಗೆ ಮನವರಿಕೆಯಾಯಿತು. ಮಣ್ಣಿಗೆ ಸಮಯ ಕೊಟ್ಟಾಗಲೆಲ್ಲ ಗೋಪುರ ಉಳಿಯಿತು. ಅವಸರ ಮಾಡಿದಾಗಲೆಲ್ಲ ಅದು ಅಪಾಯಕ್ಕೆ ಸಿಲುಕಿತು. ಈ ಮಾತನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮಲ್ಲಿ ಹೆಚ್ಚಿನವರಿಗೆ ಈ ಗೋಪುರ ಪರಿಚಯವಾದದ್ದು ಶಾಲೆಯ ವಿಜ್ಞಾನ ಪಾಠದಲ್ಲಿ. ಗೆಲಿಲಿಯೋ ಇದರ ತುದಿಯಿಂದ ಭಾರದ ಗುಂಡನ್ನೂ ಹಗುರದ ಗುಂಡನ್ನೂ ಒಟ್ಟಿಗೆ ಬಿಟ್ಟು, ಎರಡೂ ಒಂದೇ ಹೊತ್ತಿಗೆ ನೆಲ ಮುಟ್ಟುವುದನ್ನು ತೋರಿಸಿದನೆಂದು ಮಾಸ್ತರರು ಹೇಳುತ್ತಿದ್ದರು. ಗೆಲಿಲಿಯೋ 1564ರಲ್ಲಿ ಪೀಸಾದಲ್ಲಿ ಹುಟ್ಟಿದ್ದು ನಿಜ, ಅಲ್ಲಿ ಅಧ್ಯಾಪಕನಾಗಿದ್ದುದೂ ನಿಜ. ಆದರೆ ಗೋಪುರದ ಪ್ರಯೋಗದ ವೃತ್ತಾಂತವನ್ನು ಬರೆದವನು ಅವನ ಶಿಷ್ಯ ವಿವಿಯಾನಿ, ಅದೂ ಗುರುವಿನ ಮರಣಾನಂತರ. ಚರಿತ್ರಕಾರರಲ್ಲಿ ಅನೇಕರು ಅದನ್ನು ನಂಬುವುದಿಲ್ಲ. ಗೋಪುರದ ತುದಿಯ ಕಥೆ ಹಾಗಿರಲಿ, ಅದರ ಬುಡದಲ್ಲಿ ನಡೆದ ಪ್ರಯೋಗಗಳಿಗೆ ಮಾತ್ರ ಬೇಕಾದಷ್ಟು ದಾಖಲೆಗಳಿವೆ.

ಹನ್ನೆರಡನೆಯ ಶತಮಾನದ ಪೀಸಾ ಸಮುದ್ರ ವ್ಯಾಪಾರದಿಂದ ಸಿರಿವಂತವಾದ ಸ್ವತಂತ್ರ ನಗರ. ಮಹಾ ಇಗರ್ಜಿಯ ಪಕ್ಕದಲ್ಲಿ ಅದಕ್ಕೆ ತಕ್ಕ ಗಂಟೆಗೋಪುರ ಬೇಕೆಂದು 1173ರ ಆಗಸ್ಟಿನಲ್ಲಿ ಕೆಲಸ ಆರಂಭವಾಯಿತು. ಇದರ ಶಿಲ್ಪಿ ಬೊನಾನ್ನೊ ಪಿಸಾನೊ ಎಂದು ಬಹುಕಾಲ ಹೇಳುತ್ತಿದ್ದರು. ಈಗ ಈ ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎಂಟು ಅಂತಸ್ತು, ಸುಮಾರು 56 ಮೀಟರ್ ಎತ್ತರ, ಸುಮಾರು 14,500 ಟನ್ ತೂಕ. ಇಷ್ಟು ಭಾರವನ್ನು ಹೊರಬೇಕಾದ ಅಡಿಪಾಯದ ಆಳ ಬರೇ ಮೂರು ಮೀಟರ್, ವ್ಯಾಸ ಇಪ್ಪತ್ತು ಮೀಟರಿಗೂ ಕಡಿಮೆ. ಅದರ ಕೆಳಗೆ ನದಿಗಳು ತಂದು ಹಾಕಿದ ಮರಳು ಮತ್ತು ಮೆಕ್ಕಲು ಮಣ್ಣು ಹತ್ತು ಮೀಟರಿನಷ್ಟಿದೆ. ಅದಕ್ಕೂ ಕೆಳಗೆ, ಸುಮಾರು ನಲುವತ್ತು ಮೀಟರ್ ಆಳದವರೆಗೆ, ಹಿಂದೊಮ್ಮೆ ಸಮುದ್ರತಳವಾಗಿದ್ದ ಮೆತ್ತನೆಯ ಜೇಡಿ. ಕಟ್ಟಡ ಇಂದು ಸರಾಸರಿ ಮೂರು ಮೀಟರಿನಷ್ಟು ನೆಲದೊಳಗೆ ಇಳಿದಿದೆ ಎಂದರೆ ಆ ಮಣ್ಣಿನ ಸ್ವಭಾವವನ್ನು ಊಹಿಸಬಹುದು.

ಐದು ವರ್ಷಗಳಲ್ಲಿ ನಾಲ್ಕನೆಯ ಅಂತಸ್ತಿನವರೆಗೆ ಬಂದ ಕೆಲಸ 1178ರ ಸುಮಾರಿಗೆ ನಿಂತುಹೋಯಿತು. ಮತ್ತೆ ಶುರುವಾದದ್ದು 1272ರಲ್ಲಿ, ಜೊವಾನ್ನಿ ದಿ ಸಿಮೋನೆ ಎಂಬ ಶಿಲ್ಪಿಯ ಕೈಯಲ್ಲಿ. ನಡುವೆ ಹೆಚ್ಚುಕಡಿಮೆ ನೂರು ವರ್ಷ! ಏಳನೆಯ ಅಂತಸ್ತಿನ ಹೊತ್ತಿಗೆ ಯುದ್ಧಗಳ ಕಾರಣ ಕೆಲಸ ಮತ್ತೊಮ್ಮೆ ನಿಂತಿತು. 1284ರ ಮೆಲೋರಿಯಾ ಕಾಳಗದಲ್ಲಿ ಜಿನೋವಾ ನಗರ ಪೀಸಾದ ನೌಕಾಬಲವನ್ನು ಮುರಿದ ಮೇಲಂತೂ ಆ ಊರಿನ ಹಳೆಯ ವೈಭವ ಮರಳಲಿಲ್ಲ. ತುದಿಯ ಗಂಟೆಮನೆಯನ್ನು ತೊಮ್ಮಾಸೊ ಪಿಸಾನೊ ಎಂಬವನು ಪೂರೈಸುವಾಗ ಸುಮಾರು 1370 ಕಳೆದಿತ್ತು. ಬೆರ್ತಾಳ ಹಣ ಜಮೆಯಾಗಿ ಆಗಲೇ ಇನ್ನೂರು ವರ್ಷ.

ಆ ಕಾಲದ ಪೀಸಾದವರಿಗೆ ಈ ಅರೆಬರೆ ಕಟ್ಟಡ ದುಃಖದ ವಿಷಯವಾಗಿದ್ದಿರಬೇಕು. ಆದರೆ ಇಂದಿನ ಮಣ್ಣು ವಿಜ್ಞಾನ ಬೇರೆಯೇ ಮಾತು ಹೇಳುತ್ತದೆ. ಒದ್ದೆ ಜೇಡಿಯ ಮೇಲೆ ಭಾರ ಬಿದ್ದರೆ ಅದರೊಳಗಿನ ನೀರು ಹಿಂಡಿ ಹೊರಹೋಗಬೇಕು. ಆಗ ಮಾತ್ರ ಮಣ್ಣು ಗಟ್ಟಿಯಾಗುತ್ತದೆ. ಇದಕ್ಕೆ ತಿಂಗಳುಗಳಲ್ಲ, ಹತ್ತಾರು ವರ್ಷಗಳು ಬೇಕು. 1178ರಲ್ಲಿ ಕೆಲಸ ನಿಲ್ಲಿಸದೆ ಮುಂದುವರಿಸಿದ್ದರೆ ಅಡಿಯ ಮಣ್ಣು ಭಾರ ತಾಳದೆ ಕುಸಿದು ಗೋಪುರ ಉರುಳುತ್ತಿತ್ತು. ಎರಡನೆಯ ವಿರಾಮವೂ ಅದನ್ನು ಅದೇ ರೀತಿ ಕಾಪಾಡಿತು. ನಮ್ಮ ಹಿರಿಯರು ಗದ್ದೆಗೆ ಮಣ್ಣು ತುಂಬಿಸಿದರೆ ಒಂದೆರಡು ಮಳೆಗಾಲ ಬಿಟ್ಟೇ ಮನೆಯ ಪಂಚಾಂಗ ಹಾಕುತ್ತಿದ್ದರು. ಮನೆಸಾಲದ ಕಾಗದಗಳನ್ನು ನೋಡುವ ಕೆಲಸದಲ್ಲಿರುವ ನನಗೆ ಆ ತಾಳ್ಮೆ ಈಗ ಅಪರೂಪವಾಗಿ ಕಾಣುತ್ತದೆ.

ವಾಲಿಕೆಗೆ ಮಣ್ಣಿನ ಶಕ್ತಿ ಮಾತ್ರ ಕಾರಣವಲ್ಲ, ಎತ್ತರವೂ ಕಾರಣ. ಮಡಚಿದ ಶಾಲಿನ ಮೇಲೆ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ನೋಡಿ. ಹತ್ತು ನಾಣ್ಯ ನೆಟ್ಟಗೆ ನಿಲ್ಲುತ್ತವೆ. ಪೇರಿಕೆ ಒಂದು ಎತ್ತರ ಮೀರಿದರೆ ಎಷ್ಟು ನಾಜೂಕಾಗಿ ಇಟ್ಟರೂ ಯಾವುದೋ ಒಂದು ಕಡೆಗೆ ಓರೆಯಾಗುತ್ತದೆ. ಓರೆಯಾದ ಕಡೆ ಭಾರ ಹೆಚ್ಚಿ ಇನ್ನಷ್ಟು ತಗ್ಗುತ್ತದೆ. ಪೀಸಾದಲ್ಲಿ ಆದದ್ದೂ ಇದೇ. ಮೊದಲ ವಿರಾಮದ ಕೊನೆಗೆ ಗೋಪುರ ಉತ್ತರಕ್ಕೆ ಕೂದಲೆಳೆಯಷ್ಟು ವಾಲಿತ್ತು. ಮೇಲಿನ ಅಂತಸ್ತುಗಳು ಏರಿದಂತೆ ಅದು ದಕ್ಷಿಣಕ್ಕೆ ತಿರುಗಿ, ಮತ್ತೆ ಅತ್ತಲೇ ವಾಲುತ್ತ ಹೋಯಿತು. ಕಟ್ಟುವವರು ಸುಮ್ಮನಿರಲಿಲ್ಲ. ವಾಲಿಕೆಯನ್ನು ಸರಿದೂಗಿಸಲು ಮೇಲಿನ ಅಂತಸ್ತುಗಳನ್ನು ಎದುರು ದಿಕ್ಕಿಗೆ ಸ್ವಲ್ಪ ತಿರುಗಿಸಿ ಕಟ್ಟಿದರು. ಗಂಟೆಮನೆಗೆ ಹತ್ತಲು ದಕ್ಷಿಣದಲ್ಲಿ ಆರು ಮೆಟ್ಟಿಲು, ಉತ್ತರದಲ್ಲಿ ನಾಲ್ಕೇ. ಹೀಗಾಗಿ ಈ ಗೋಪುರ ವಾಲಿದೆ ಮಾತ್ರವಲ್ಲ, ಬಾಳೆಹಣ್ಣಿನಂತೆ ಸ್ವಲ್ಪ ಬಾಗಿಯೂ ಇದೆ.

ಮುಂದೆ ಸರಿಪಡಿಸಲು ಹೊರಟವರ ಕಾಲ ಬಂತು. 1838ರಲ್ಲಿ ಗೆರಾರ್ದೆಸ್ಕಾ ಎಂಬ ವಾಸ್ತುಶಿಲ್ಪಿ, ಮಣ್ಣಿನಲ್ಲಿ ಹೂತುಹೋದ ಬುಡದ ಕಂಬಗಳು ಜನರಿಗೆ ಕಾಣಲೆಂದು ಸುತ್ತಲೂ ಕಣಿ ತೋಡಿಸಿದನು. ಅಂತರ್ಜಲ ಒಳನುಗ್ಗಿತು, ಗೋಪುರ ಒಮ್ಮೆಲೆ ಅರ್ಧ ಡಿಗ್ರಿಯಷ್ಟು ವಾಲಿತು. 1934ರಲ್ಲಿ, ಮುಸ್ಸೋಲಿನಿಯ ಆಡಳಿತದಲ್ಲಿ, ಅಡಿಪಾಯಕ್ಕೆ 361 ತೂತುಗಳನ್ನು ಕೊರೆದು ಸುಮಾರು 80 ಟನ್ ಸಿಮೆಂಟಿನ ಗಂಜಿಯನ್ನು ತುಂಬಿಸಿದರು. ಅದೂ ವಾಲಿಕೆಯನ್ನು ಹೆಚ್ಚಿಸಿತು. 1970ರ ಆಸುಪಾಸಿನಲ್ಲಿ ಸುತ್ತಲಿನ ಆಳವಾದ ಬಾವಿಗಳಿಂದ ಪಂಪು ಹಾಕಿ ನೀರೆತ್ತಿದಾಗ ಗೋಪುರ ಇನ್ನೂ ವೇಗವಾಗಿ ಸರಿಯತೊಡಗಿತು. ಬಾವಿಗಳನ್ನು ಮುಚ್ಚಿಸಿದ ಮೇಲೆ ವೇಗ ತಗ್ಗಿತು.

1989ರ ಮಾರ್ಚ್ 17ರಂದು ಅದೇ ದೇಶದ ಪಾವಿಯಾ ಪಟ್ಟಣದ ಹಳೆಯ ಗೋಪುರವೊಂದು ಮುನ್ಸೂಚನೆಯಿಲ್ಲದೆ ಕುಸಿದುಬಿದ್ದು ನಾಲ್ವರು ಸತ್ತರು. ಆ ಗೋಪುರ ವಾಲಿದ್ದಲ್ಲ. ಅದರ ಗೋಡೆಯೇ ಸೋತಿತ್ತು. ಪೀಸಾದ ಗೋಪುರದ ಗೋಡೆಯೂ ಹೊರಗೆ ಅಮೃತಶಿಲೆಯ ಹೊದಿಕೆ, ನಡುವೆ ಕಲ್ಲುಚೂರು ಮತ್ತು ಗಾರೆ ತುಂಬಿದ್ದು. ಅದರ ಭಾರವೆಲ್ಲ ದಕ್ಷಿಣದ ಬದಿಗೆ ಬಿದ್ದಿತ್ತು. 1990ರ ಜನವರಿ 7ರಂದು ಗೋಪುರವನ್ನು ಜನರಿಗೆ ಮುಚ್ಚಿದರು. ಆಗಿನ ವಾಲಿಕೆ ಐದೂವರೆ ಡಿಗ್ರಿ. ತುದಿ ಬುಡದಿಂದ ನಾಲ್ಕೂವರೆ ಮೀಟರ್ ಹೊರಗೆ ಚಾಚಿತ್ತು.

ಸರಕಾರ ನೇಮಿಸಿದ ತಜ್ಞರ ಸಮಿತಿಗೆ ಮಿಕೆಲೆ ಯಾಮಿಯೊಲ್ಕೋವ್ಸ್ಕಿ ಅಧ್ಯಕ್ಷರು. ಲಂಡನ್ನಿನ ಪ್ರಾಧ್ಯಾಪಕ ಜಾನ್ ಬರ್ಲಂಡ್ ಸದಸ್ಯರಲ್ಲೊಬ್ಬರು. ಮೊದಲು ಗೋಡೆಗೆ ಉಕ್ಕಿನ ಪಟ್ಟಿಗಳನ್ನು ಬಿಗಿದರು. 1993ರಲ್ಲಿ ಉತ್ತರದ ಬುಡದ ಮೇಲೆ ಸುಮಾರು 600 ಟನ್ ಸೀಸದ ಗಟ್ಟಿಗಳನ್ನು ಹೇರಿದಾಗ ಗೋಪುರ ಮೊತ್ತಮೊದಲ ಬಾರಿಗೆ ಸ್ವಲ್ಪ ಹಿಂದಕ್ಕೆ ಬಂತು. ಆದರೆ ಸೀಸದ ರಾಶಿ ನೋಡಲು ವಿಕಾರ. ಅದರ ಬದಲಿಗೆ ಆಳಕ್ಕೆ ಹಗ್ಗ ಬಿಗಿಯುವ ಕೆಲಸಕ್ಕಾಗಿ 1995ರ ಸೆಪ್ಟೆಂಬರಿನಲ್ಲಿ ದ್ರವ ಸಾರಜನಕದಿಂದ ನೆಲವನ್ನು ಹೆಪ್ಪುಗಟ್ಟಿಸಲು ಹೊರಟರು. ಗೋಪುರ ಒಂದೇ ರಾತ್ರಿಯಲ್ಲಿ ಒಂದು ವರ್ಷದಷ್ಟು ದಕ್ಷಿಣಕ್ಕೆ ಸರಿಯಿತು. ಕೆಲಸ ನಿಲ್ಲಿಸಿ ಇನ್ನೂ 300 ಟನ್ ಸೀಸ ಹೇರಬೇಕಾಯಿತು. ಅಷ್ಟು ದೊಡ್ಡ ಪಂಡಿತರೂ ಅವಸರಕ್ಕೆ ತೆತ್ತ ಬೆಲೆ ಅದು.

ಕೊನೆಗೆ ಫಲಿಸಿದ ಉಪಾಯ ಅತಿ ಸರಳ. ತೆರ್ರಾಚೀನಾ ಎಂಬ ಇಂಜಿನಿಯರ್ 1962ರಲ್ಲೇ ಅದನ್ನು ಸೂಚಿಸಿದ್ದರು. ತಗ್ಗಿದ ದಕ್ಷಿಣವನ್ನು ಎತ್ತುವುದು ಬೇಡ. ಎತ್ತರವಾಗಿ ಉಳಿದ ಉತ್ತರದ ಅಡಿಯಿಂದ ಸ್ವಲ್ಪಸ್ವಲ್ಪವೇ ಮಣ್ಣು ತೆಗೆದರೆ ಆ ಬದಿ ತಾನಾಗಿ ಇಳಿದು ಸಮವಾಗುತ್ತದೆ. ಮೊದಲು ಗೋಪುರಕ್ಕೆ ಉಕ್ಕಿನ ಹಗ್ಗಗಳ ಆಸರೆ ಕೊಟ್ಟರು. 1999ರಲ್ಲಿ ಪರೀಕ್ಷಾರ್ಥವಾಗಿ, ಮುಂದಿನ ವರ್ಷದಿಂದ ಪೂರ್ಣವಾಗಿ, ಓರೆಯಾಗಿ ಇಳಿಸಿದ ಕೊಳವೆಗಳ ಮೂಲಕ ಬೈರಿಗೆಯಿಂದ ಮಣ್ಣು ತೆಗೆದರು. ಒಂದೊಂದು ಸಲಕ್ಕೆ ಕೆಲವು ಬಕೆಟಿನಷ್ಟು ತೆಗೆದು, ಗೋಪುರ ಏನು ಹೇಳುತ್ತದೆಂದು ಅಳೆದು ನೋಡಿ ಮತ್ತೆ ಮುಂದುವರಿಯುವುದು. 2001ರಲ್ಲಿ ಕೆಲಸ ಮುಗಿದಾಗ ಹೊರಬಂದ ಮಣ್ಣು 38 ಘನ ಮೀಟರ್, ನಮ್ಮ ಲಾರಿಗಳಲ್ಲಿ ಹೆಚ್ಚೆಂದರೆ ಹತ್ತು ಲೋಡು. ಅಷ್ಟಕ್ಕೇ ಗೋಪುರ ಅರ್ಧ ಡಿಗ್ರಿ ನೆಟ್ಟಗಾಗಿ, ತುದಿ ಸುಮಾರು 45 ಸೆಂಟಿಮೀಟರ್ ಹಿಂದೆ ಬಂದಿತ್ತು. 1838ರಲ್ಲಿ ಖರ್ಚಾದ ಅರ್ಧ ಡಿಗ್ರಿ ಹೀಗೆ ಮತ್ತೆ ಜಮೆಯಾಯಿತು. ಅದೇ ವರ್ಷ ಡಿಸೆಂಬರ್ 15ರಂದು ಗೋಪುರದ ಬಾಗಿಲು ಜನರಿಗೆ ತೆರೆಯಿತು.

ಇಷ್ಟೆಲ್ಲ ಮಾಡಿದವರು ಪೂರ್ತಿ ನೆಟ್ಟಗೆ ನಿಲ್ಲಿಸಬಾರದಿತ್ತೇ ಎಂದು ಕೇಳುವವರಿದ್ದಾರೆ. ವಾಲಿಕೆ ಹೋದರೆ ಪೀಸಾಕ್ಕೆ ಯಾತ್ರಿಕರೇ ಬರಲಾರರು ಎಂಬುದು ತಮಾಷೆಯ ಉತ್ತರ. ನಿಜವಾದ ಉತ್ತರ ಕಟ್ಟಡದಲ್ಲೇ ಇದೆ. ಹಿಂದಿನ ಶಿಲ್ಪಿಗಳು ವಾಲಿಕೆಗೆ ಹೊಂದಿಕೊಂಡು ಬಾಗಿಸಿ ಕಟ್ಟಿದ ಗೋಪುರದ ಬುಡವನ್ನು ನೆಟ್ಟಗೆ ಮಾಡಿದರೆ ತುದಿ ಉತ್ತರಕ್ಕೆ ವಾಲುತ್ತದೆ. ತಾನು ನಿಂತ ನೆಲಕ್ಕೆ ತಕ್ಕಂತೆ ಬೆಳೆದದ್ದಕ್ಕೆ ಬೇರೆಯವರ ತೂಗುಗುಂಡು ಹಿಡಿದರೆ ಲೆಕ್ಕ ಸರಿಹೋಗುವುದಿಲ್ಲ.

ಈ ಪಟ್ಟಿಗೆ ಇನ್ನೂ ಎರಡು ನಮೂದುಗಳನ್ನು ಸೇರಿಸಬೇಕು. ಈ ಗೋಪುರ ಕನಿಷ್ಠ ನಾಲ್ಕು ಬಲವಾದ ಭೂಕಂಪಗಳನ್ನು ತಾಳಿಕೊಂಡಿದೆ. ಗಟ್ಟಿಯಾದ, ಎತ್ತರದ ಕಟ್ಟಡ ಮತ್ತು ಮೆತ್ತನೆಯ ನೆಲ ಸೇರಿದ್ದರಿಂದ ಭೂಮಿಯ ಅದುರಿಗೆ ಗೋಪುರ ಸ್ಪಂದಿಸಲಿಲ್ಲವೆಂದು 2018ರಲ್ಲಿ ಸಂಶೋಧಕರು ವಿವರಿಸಿದರು. ವಾಲುವಂತೆ ಮಾಡಿದ ಮಣ್ಣೇ ಬೀಳದಂತೆಯೂ ಕಾದಿದೆ. ಅದೇ ವರ್ಷ ಪ್ರಕಟವಾದ ಅಳತೆಯಂತೆ, ಯಾರೂ ಮುಟ್ಟದೆ ಗೋಪುರ ಮತ್ತೂ ನಾಲ್ಕು ಸೆಂಟಿಮೀಟರ್ ನೆಟ್ಟಗಾಗಿತ್ತು. ಬೈರಿಗೆಗಳನ್ನು ಎತ್ತಿಟ್ಟ ಮೇಲೂ ಮಣ್ಣು ತನ್ನ ಲೆಕ್ಕವನ್ನು ಮುಚ್ಚಿರಲಿಲ್ಲ.