ಚಳಿಗಾಲದ ಕೈತೋಟ, ಹಬ್ಬದ ಊಟ ಮತ್ತು ವೈನ್: ಕರಾವಳಿಯ ಮನೆಗಳಿಗೆ ಕೆಲವು ಮಾಹಿತಿ

ಏಣೆಲು ಭತ್ತದ ಕೊಯ್ಲು ಮುಗಿದು ಗದ್ದೆಯ ತೇವ ಇನ್ನೂ ಆರದಿರುವ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಅವಧಿಯೇ ನಮ್ಮ ಕರಾವಳಿಯಲ್ಲಿ ತರಕಾರಿ ಬಿತ್ತಲು ಸರಿಯಾದ ಸಮಯ. ಆಗ ಬಿತ್ತಿದ್ದು ಕ್ರಿಸ್ಮಸ್‌ನಿಂದ ಬೂದಿ ಬುಧವಾರದವರೆಗೆ ಮನೆಯ ಊಟಕ್ಕೆ ಒದಗುತ್ತದೆ. ಡಿಸೆಂಬರ್ ಬರಲಿ ನೋಡೋಣ ಎಂದು ಕಾದರೆ ಗಿಡ ಕಾಯಿ ಕಚ್ಚುವ ಹೊತ್ತಿಗೆ ಬಾವಿಯ ನೀರು ಇಳಿದಿರುತ್ತದೆ, ಹೊಳೆಬದಿಯ ಮನೆಗಳಲ್ಲಂತೂ ನೀರಿಗೆ ಉಪ್ಪು ಸೇರಲು ಶುರುವಾಗಿರುತ್ತದೆ. ಹಡಿಲು ಬಿದ್ದ ಗದ್ದೆಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಹತ್ತು ಸಾಲು ತರಕಾರಿ ಹಾಕುವವರೂ ಕಡಿಮೆಯಾಗುತ್ತಿದ್ದಾರೆ. ಗದ್ದೆ ಇಲ್ಲದವರೂ ಅಂಗಳದ ಬದಿಯಲ್ಲಿ ಎರಡು ಏರಿ ಮಾಡಿಕೊಂಡರೆ ನಾಲ್ಕೈದು ಜನರ ಮನೆಗೆ ವಾರಕ್ಕೆ ಮೂರು ದಿನದ ಪಲ್ಯ ಖಂಡಿತ ಸಿಗುತ್ತದೆ.

ಇದೇ ತಿಂಗಳುಗಳಲ್ಲಿ ಕ್ರಿಸ್ಮಸ್, ರೋಸ್, ಮದುವೆ, ವಾರ್ಷಿಕ ಹಬ್ಬ ಎಂದು ನಮ್ಮ ಮನೆಗಳಲ್ಲಿ ವೈನ್ ಬಾಟಲಿಯೂ ಬರುತ್ತದೆ. ಯಾವ ಅಡುಗೆಗೆ ಯಾವ ವೈನ್ ಎಂದು ಹೇಳುವ ಪುಸ್ತಕಗಳು ಬಹುತೇಕ ಬ್ರೆಡ್, ಚೀಸ್, ಸುಟ್ಟ ಮಾಂಸ ತಿನ್ನುವ ದೇಶಗಳಲ್ಲಿ ಬರೆದವು. ತೆಂಗಿನಕಾಯಿ, ಹುಣಸೆ, ಬ್ಯಾಡಗಿ ಮೆಣಸು, ಬಫಾತ್ ಹುಡಿ ಇರುವ ನಮ್ಮ ಅಡುಗೆಮನೆಗೆ ಆ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಆದ್ದರಿಂದ ತೋಟ, ಅಡುಗೆ ಮತ್ತು ವೈನ್ ಮೂರನ್ನೂ ಸೇರಿಸಿ ಇಲ್ಲಿ ಬರೆಯಲಾಗಿದೆ.

ತೋಟದಲ್ಲಿ ಏನು, ಯಾವಾಗ?

ಕರಾವಳಿಯ ಚಳಿ ಘಟ್ಟದ ಮೇಲಿನ ಚಳಿಯಲ್ಲ. ಜನವರಿಯ ರಾತ್ರಿಯಲ್ಲೂ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಹಗಲು 30 ದಾಟುತ್ತದೆ. ಹಾಗಾಗಿ ಕ್ಯಾರೆಟ್, ಹೂಕೋಸು ಬೆಳೆಯುವ ಆಸೆಗೆ ಬೀಳುವುದಕ್ಕಿಂತ ಇಲ್ಲಿಯದೇ ಆದ ಹರಿವೆ, ಬಸಳೆ, ಅಲಸಂಡೆ, ಬೆಂಡೆ, ಮೂಲಂಗಿ, ಗುಳ್ಳ, ಸೌತೆ, ಸಿಹಿಗುಂಬಳ, ಗೆಣಸು ಹಾಕುವುದು ಜಾಣತನ. ಹರಿವೆ 25ರಿಂದ 30 ದಿನಗಳಲ್ಲಿ, ಮೂಲಂಗಿ 40ರಿಂದ 45 ದಿನಗಳಲ್ಲಿ ಕೀಳಲು ಬರುತ್ತದೆ. ಬೆಂಡೆ, ಅಲಸಂಡೆಗೆ ಸುಮಾರು 50 ದಿನ. ಗುಳ್ಳದ ಸಸಿ ನಾಟಿ ಮಾಡಿದ ಮೇಲೆ ಮೊದಲ ಕಾಯಿಗೆ ಎರಡು ತಿಂಗಳಿಗೂ ಸ್ವಲ್ಪ ಹೆಚ್ಚು ಬೇಕು. ಹಬ್ಬದ ದಿನ ಹರಿವೆ ಬೇಕೆಂದರೆ ನವೆಂಬರ್ ಕೊನೆಯ ವಾರ ಇನ್ನೊಮ್ಮೆ ಬೀಜ ಚೆಲ್ಲಬೇಕು. ಮೊದಲು ಚೆಲ್ಲಿದ್ದು ಅಷ್ಟರೊಳಗೆ ದಂಟಾಗಿರುತ್ತದೆ. ಅದೂ ವ್ಯರ್ಥವಲ್ಲ, ತೊಗರಿಬೇಳೆ ಹಾಕಿದ ಸಾರಿಗೆ ದಂಟೇ ರುಚಿ.

ನಮ್ಮ ಮುರಕಲ್ಲು ಮಣ್ಣಿಗೆ ಹುಳಿ ಗುಣ ಹೆಚ್ಚು. ಬಿತ್ತುವ ಎರಡು ವಾರ ಮೊದಲು ಚಿಪ್ಪಿನ ಸುಣ್ಣ ಬೆರೆಸಿ, ಆಮೇಲೆ ಸುಡುಮಣ್ಣು ಮತ್ತು ಹಳೆಯ ಸೆಗಣಿ ಗೊಬ್ಬರ ಹಾಕುವ ಹಿರಿಯರ ಕ್ರಮಕ್ಕೆ ಇದೇ ಕಾರಣ. ಬದನೆ ಜಾತಿಯ ಗಿಡ ಸಂಜೆ ಚೆನ್ನಾಗಿದ್ದು ಬೆಳಿಗ್ಗೆ ಹಸಿರಾಗಿಯೇ ಸೊರಗಿ ಬೀಳುವುದನ್ನು ಅನೇಕರು ಕಂಡಿರಬಹುದು. ಅದು ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದ ರೋಗ, ಔಷಧಿ ಸಿಂಪಡಿಸಿ ಪ್ರಯೋಜನವಿಲ್ಲ. ಗಿಡವನ್ನು ಬೇರುಸಮೇತ ಕಿತ್ತು ಸುಡಬೇಕು, ಟೊಮೆಟೊ ಅಥವಾ ಮೆಣಸು ಬೆಳೆದ ಏರಿಯಲ್ಲೇ ಮರುವರ್ಷ ಬದನೆ ನೆಡಬಾರದು. ಕಾಯಿಕೊರಕದ ಹುಳ ಹೊಕ್ಕ ಕುಡಿಗಳನ್ನು ವಾರಕ್ಕೊಮ್ಮೆ ಚಿವುಟಿ ನಾಶಮಾಡಿದರೆ ಮನೆಯ ಮಟ್ಟಿಗೆ ವಿಷ ಹೊಡೆಯುವ ಅಗತ್ಯವೇ ಬರುವುದಿಲ್ಲ.

ಗುಳ್ಳದ ಮಾತು ಬಂದಾಗ ಕಟಪಾಡಿ ಸಮೀಪದ ಮಟ್ಟು ಗ್ರಾಮವನ್ನು ನೆನೆಯಲೇಬೇಕು. ಅಲ್ಲಿ ಬೆಳೆಯುವ ತಿಳಿಹಸಿರು ಬಣ್ಣದ, ದುಂಡಗಿನ, ತೆಳು ಸಿಪ್ಪೆಯ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬೇರೆ ಕಡೆಯ ಗುಳ್ಳವನ್ನು ಇದೇ ಹೆಸರಿನಲ್ಲಿ ಮಾರುವುದು ಹೆಚ್ಚಾದ್ದರಿಂದ ಬೆಳೆಗಾರರು ಕಾಯಿಗೆ ಸ್ಟಿಕ್ಕರ್ ಹಚ್ಚಿ ಮಾರುವ ಕ್ರಮ ತಂದರು. ಕೊಳ್ಳುವವರು ತೊಟ್ಟಿನ ಮುಳ್ಳನ್ನೂ ನೋಡಿಕೊಳ್ಳಬಹುದು.

ಅಡುಗೆ ಮತ್ತು ವೈನ್

ಮೊದಲು ಒಂದು ಮುಖ್ಯ ವಿಷಯ. ವೈನ್ ಆರಿಸುವಾಗ ತರಕಾರಿಯನ್ನಲ್ಲ, ಮಸಾಲೆಯನ್ನು ನೋಡಬೇಕು. ಮದ್ಯಸಾರ ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ. ಕೆಂಪು ವೈನಿನ ಒಗರು ಖಾರದ ಜೊತೆ ಸೇರಿದರೆ ನಾಲಿಗೆಗೆ ಕಹಿಯಾಗುತ್ತದೆ. ಸ್ವಲ್ಪ ಸಿಹಿ ಉರಿಯನ್ನು ತಣಿಸುತ್ತದೆ. ಇನ್ನು ಹುಳಿ: ಅಡುಗೆಯ ಹುಳಿ ವೈನಿನ ಹುಳಿಗಿಂತ ಮೇಲಾದರೆ ವೈನ್ ನೀರಿನಂತೆ ಸಪ್ಪೆ ಎನಿಸುತ್ತದೆ. ತೆಂಗಿನ ಹಾಲಿನ ಜಿಡ್ಡನ್ನು ಹುಳಿ ಇರುವ ತಣ್ಣನೆಯ ಬಿಳಿ ವೈನ್ ಚೆನ್ನಾಗಿ ಕತ್ತರಿಸುತ್ತದೆ. ಇಷ್ಟು ತಿಳಿದರೆ ದುಬಾರಿ ಬಾಟಲಿಯ ಅಗತ್ಯವಿಲ್ಲ. ನಮ್ಮ ಹಬ್ಬದೂಟದ ಬಹುಪಾಲು ಪದಾರ್ಥಗಳಿಗೆ ಕೆಂಪು ವೈನಿಗಿಂತ ತುಸು ಸಿಹಿಯ ಬಿಳಿ ವೈನೇ ಹೊಂದುತ್ತದೆ ಎಂಬುದು ಹಲವರಿಗೆ ಆಶ್ಚರ್ಯವೆನಿಸಬಹುದು.

ಅಲಸಂಡೆ ಅಥವಾ ಹರಿವೆಯ ತೆಲ್-ಪಿಯಾವ್ ಎಲ್ಲಕ್ಕಿಂತ ಸುಲಭದ್ದು. ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಮುರಿದ ಒಣಮೆಣಸು, ಹೆಚ್ಚಿದ ನೀರುಳ್ಳಿ ಬಾಡಿಸಿ, ತರಕಾರಿ ಹಾಕಿ ಉಪ್ಪು ಚಿಮುಕಿಸಿ ಮುಚ್ಚಿ ಬೇಯಿಸಬೇಕು. ಅಲಸಂಡೆಗೆ ಕಾಲು ಲೋಟ ನೀರು ಸಾಕು, ಹರಿವೆಗೆ ನೀರೇ ಬೇಡ. ಇಳಿಸುವ ಮೊದಲು ಒಂದು ಹಿಡಿ ತೆಂಗಿನ ತುರಿ. ಈ ಹಸಿರು ರುಚಿಗೆ ಸೋವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನ್ ಸರಿಹೊಂದುತ್ತದೆ. ಅದರಲ್ಲೂ ಹಸಿ ಹುಲ್ಲಿನಂಥ ಒಂದು ಪರಿಮಳ ಇರುತ್ತದೆ.

ಬಸಳೆಗೆ ಸ್ನಾನದ ಮನೆಯ ನೀರು ಹರಿಯುವಲ್ಲಿ ಒಂದು ಚಪ್ಪರ ಇದ್ದರೆ ಸಾಕು. ಮರುವಾಯಿ ಸಿಗುವ ಊರಿನವರಿಗೆ ಬಸಳೆ-ಮರುವಾಯಿಗಿಂತ ದೊಡ್ಡ ಹಬ್ಬವಿಲ್ಲ. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಅರಸಿನ, ಬೆಳ್ಳುಳ್ಳಿ, ಒಂದು ತೆಂಗಿನಕಾಯಿಯ ತುರಿ ಮತ್ತು ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆ ಸೇರಿಸಿ ನುಣ್ಣಗೆ ಅರೆಯಬೇಕು. ದಂಟನ್ನು ಮೊದಲು ಬೇಯಿಸಿ, ಎಲೆಯನ್ನು ಆಮೇಲೆ ಹಾಕಿ, ಮಸಾಲೆ ಕುದಿಯುವಾಗ ತೊಳೆದ ಮರುವಾಯಿ ಸೇರಿಸಿ ಚಿಪ್ಪು ಬಾಯಿ ಬಿಟ್ಟ ಕೂಡಲೇ ಇಳಿಸಬೇಕು. ಹೆಚ್ಚು ಕುದಿಸಿದರೆ ಮಾಂಸ ರಬ್ಬರಿನಂತಾಗುತ್ತದೆ. ಬಾಯಿ ಬಿಡದ ಚಿಪ್ಪನ್ನು ತಿನ್ನಬಾರದು. ಇದರೊಂದಿಗೆ ಶೆನಾಂ ಬ್ಲಾಂಕ್ ಒಳ್ಳೆಯದು, ಅದರಲ್ಲೂ ಪೂರ್ತಿ ಒಣ ರುಚಿಯದ್ದಲ್ಲದೆ ತುಸು ಸಿಹಿ ಉಳಿದಿರುವುದು. ಮರುವಾಯಿಯಾಗಲಿ ಒಣ ಸೀಗಡಿಯಾಗಲಿ ಇದ್ದಲ್ಲಿ ಒಗರಾದ ಕೆಂಪು ವೈನ್ ಇಡಬೇಡಿ, ಬಾಯಲ್ಲಿ ಲೋಹ ಇಟ್ಟ ಹಾಗಾಗುತ್ತದೆ.

ಗುಳ್ಳವನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು ಕಿವುಚಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಉಪ್ಪು, ಅರ್ಧ ಲೋಟ ದಪ್ಪ ತೆಂಗಿನ ಹಾಲು ಬೆರೆಸಿದರೆ ಸನ್ನಣಕ್ಕೂ ನೀರುದೋಸೆಗೂ ಆಗುತ್ತದೆ. ಗ್ಯಾಸಿನ ಉರಿಯಲ್ಲಿ ಸುಟ್ಟರೂ ನಡೆಯುತ್ತದೆ, ಆದರೆ ಒಲೆಯ ಹೊಗೆಯ ವಾಸನೆ ಬರುವುದಿಲ್ಲ. ಈ ಹೊಗೆ ರುಚಿಗೆ ರೋಸೆ ವೈನ್ ಅಥವಾ ಹಗುರವಾದ ಶಿರಾಜ್ ಒಪ್ಪುತ್ತದೆ. ಅದೇ ಗುಳ್ಳದ ಬೋಳು ಹುಳಿಗೆ ಮಾತ್ರ ಯಾವ ವೈನೂ ಬೇಡ. ಹುಣಸೆಹುಳಿ ಮುಂದಿದ್ದಲ್ಲಿ ವೈನ್ ಸೋಲುತ್ತದೆ, ಅಂಥ ಊಟಕ್ಕೆ ನೀರುಮಜ್ಜಿಗೆಯೇ ಜೊತೆ. ಉಪ್ಪಿನಕಾಯಿಯ ಸಂಗತಿಯೂ ಅಷ್ಟೆ.

ಕ್ರಿಸ್ಮಸ್ ದಿನದ ಹಂದಿಮಾಂಸದ ಬಫಾತಿಗೆ ಮೂಲಂಗಿ ಹಾಕುವ ಪದ್ಧತಿ ಕೆಲವು ಮನೆಗಳಲ್ಲಿದೆ. ಮೂಲಂಗಿ ಕೊಬ್ಬನ್ನು ಹೀರಿಕೊಂಡು ಮೆತ್ತಗಾಗುತ್ತದೆ, ಒಂದು ಕಿಲೋ ಮಾಂಸಕ್ಕೆ ಎರಡು ಮೂಲಂಗಿ ಸಾಕು. ಕೆಂಪು ವೈನ್ ಬೇಕೇ ಬೇಕು ಎನ್ನುವವರು ಅದನ್ನು ಇಲ್ಲಿಗೆ ಇಟ್ಟುಕೊಳ್ಳಬಹುದು. ಕ್ಯಾಬರ್ನೆಗಿಂತ ಶಿರಾಜ್ ಮೇಲು, ಅದರ ಕಾಳುಮೆಣಸಿನ ಪರಿಮಳ ಬಫಾತ್ ಹುಡಿಯೊಂದಿಗೆ ಬೆರೆಯುತ್ತದೆ. ವಿನೆಗರ್ ಹಾಕುವ ಸೊರ್ಪೊತೆಲ್‌ಗೆ ಪುನಃ ತುಸು ಸಿಹಿ ಬಿಳಿ ಇಲ್ಲವೇ ರೋಸೆ. ತೆಂಗಿನ ತುರಿ ಹಾಕಿದ ಸಿಹಿಗುಂಬಳ ಅಥವಾ ಗೆಣಸಿಗೆ ವಿಯೊನ್ಯೇ ಚೆಂದ.

ಈ ತಳಿಗಳ ವೈನ್ ಈಗ ವಿದೇಶದಿಂದ ಬರಬೇಕಾಗಿಲ್ಲ. ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಗಳಲ್ಲೂ ಮಹಾರಾಷ್ಟ್ರದ ನಾಸಿಕ್‌ನಲ್ಲೂ ತಯಾರಾಗುತ್ತಿದೆ. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಕರ್ನಾಟಕ ಸರಕಾರ 2007ರಲ್ಲಿ ಜಾರಿಗೆ ತಂದು ವೈನ್ ಮಂಡಳಿಯನ್ನೂ ರಚಿಸಿತು.

ಮನೆಯ ವೈನ್ ಬಗ್ಗೆ

ನಮ್ಮಲ್ಲಿ ವೈನ್ ಎಂದರೆ ಬಹುತೇಕರಿಗೆ ಬೆಂಗಳೂರು ನೀಲಿ ದ್ರಾಕ್ಷಿ, ಸಕ್ಕರೆ, ಗೋಧಿ, ಲವಂಗ ಹಾಕಿ ಭರಣಿಯಲ್ಲಿಟ್ಟ ಸಿಹಿ ಪಾನೀಯ. 2013ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ದ್ರಾಕ್ಷಿಯ ಗಾಢ ಪರಿಮಳ ಕೇಕಿನ ಜೊತೆ, ಕುಸ್ವಾರಿನ ಜೊತೆ ಸೊಗಸು. ಗೋವಾದ ಸಿಹಿ ಪೋರ್ಟ್ ವೈನ್ ಕೂಡ ಇದೇ ಪಂಕ್ತಿಯದು. ಇವನ್ನು ಟೋಸ್ಟ್‌ಗೆ ಎತ್ತಿ ಅಲ್ಲಿಗೇ ನಿಲ್ಲಿಸುವುದು ಒಳಿತು, ಊಟದ ಮೇಜಿಗೆ ತಂದರೆ ಬಸಳೆಯ ರುಚಿಯೂ ಕೆಡುತ್ತದೆ, ವೈನಿನದೂ ಕೆಡುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕಾಗಿದೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಫ್ಯಾನ್ಸಿ ಫೇರ್ ಅಥವಾ ಸಂಘದ ಮಳಿಗೆಯಲ್ಲಿ ಮನೆಯ ವೈನ್ ಮಾರಾಟಕ್ಕೆ ಇಡುವ ಆಲೋಚನೆ ಇದ್ದರೆ ಧರ್ಮಕೇಂದ್ರದ ಪಾಲನಾ ಮಂಡಳಿಯವರು ಮೊದಲೇ ತಡೆಯುವುದು ಕ್ಷೇಮ. ಹುದುಗು ನಿಲ್ಲದ ವೈನನ್ನು ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಒಡೆಯುವ ಅಪಾಯವೂ ಉಂಟು. ಮನೆಯಲ್ಲಿ ಮಾಡಿದ್ದರಲ್ಲಿ ಮದ್ಯಸಾರ ಎಷ್ಟಿದೆ ಎಂದು ಯಾರಿಗೂ ತಿಳಿದಿರುವುದಿಲ್ಲ. ಸಿಹಿಯಾಗಿದೆ ಎಂದು ಮಕ್ಕಳಿಗೆ ಒಂದು ಚಮಚ ಕೊಡುವ ರೂಢಿಯನ್ನು ಬಿಡಲೇಬೇಕು.

ಸಾಕ್ರಿಸ್ತಿಯ ಜವಾಬ್ದಾರಿ ಹೊತ್ತವರಿಗೆ ಒಂದು ಮಾತು: ನೇರಳೆ, ಅನಾನಸು, ಗೇರುಹಣ್ಣಿನ ರಸಕ್ಕೆ ನಾವು ವೈನ್ ಎಂದೇ ಹೇಳಿದರೂ ಬಲಿಪೂಜೆಗೆ ಅವು ಸಲ್ಲುವುದಿಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 924ನೇ ವಿಧಿಯಂತೆ ಅದು ದ್ರಾಕ್ಷಿಯಿಂದಲೇ ಆದ, ಕೆಡದ ಸಹಜ ದ್ರಾಕ್ಷಾರಸ ಆಗಿರಬೇಕು.

ಬಡಿಸುವಾಗ

750 ಮಿಲಿಲೀಟರ್ ಬಾಟಲಿಯಲ್ಲಿ 150 ಮಿಲಿಲೀಟರಿನ ಐದು ಗ್ಲಾಸ್ ಬರುತ್ತದೆ. ಬಿಳಿ ವೈನನ್ನು 8ರಿಂದ 10 ಡಿಗ್ರಿಗೆ ತಣಿಸಿ ಬಡಿಸಬೇಕು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಬೇಕು ಎಂಬ ಮಾತು ಯುರೋಪಿನ ಕೋಣೆಗೆ ಸಂಬಂಧಿಸಿದ್ದು. ಮಂಗಳೂರಿನ ಡಿಸೆಂಬರ್ ಮಧ್ಯಾಹ್ನಕ್ಕೆ ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಟ್ಟೇ ತೆಗೆಯಬೇಕು. ತೆರೆದ ಬಾಟಲಿ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಉಳಿಯುತ್ತದೆ. ಆಮೇಲೆ ಅದನ್ನು ಮಾಂಸದ ಅಡುಗೆಗೆ ಬಳಸಬಹುದು.

ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಗರ್ಭಿಣಿಯರು, ಮಾತ್ರೆ ತೆಗೆದುಕೊಳ್ಳುವವರು, ವಾಹನ ಚಲಾಯಿಸುವವರು ಹೇಗೂ ಬೇಡವೆನ್ನುತ್ತಾರೆ. ಆದರೆ ಕುಡಿತ ಬಿಡಿಸುವ ಶಿಬಿರಕ್ಕೆ ಹೋಗಿ ಬಂದವರು ಹಬ್ಬದ ಮನೆಯಲ್ಲಿ ಬಾಯಿಬಿಟ್ಟು ಹೇಳಲಾರರು. "ಒಂದು ಗುಟುಕು ತಾನೆ, ಹಬ್ಬವಲ್ಲವೇ" ಎಂಬ ಒತ್ತಾಯದಿಂದ ತಿಂಗಳುಗಟ್ಟಲೆಯ ಪ್ರಯತ್ನ ನೀರುಪಾಲಾಗಬಹುದು. ಒಣ ಪುನರ್ಪುಳಿ ಸಿಪ್ಪೆ ನೆನೆಸಿ, ಬೆಲ್ಲ ಹಾಕಿ ಮಾಡಿದ ಶರಬತ್ತನ್ನು ವೈನಿನಂಥದೇ ಗ್ಲಾಸಿನಲ್ಲಿ, ಎಲ್ಲರಿಗೂ ಮೊದಲೇ ತಟ್ಟೆಯಲ್ಲಿಟ್ಟು ತಂದರೆ ಯಾರು ಯಾವುದನ್ನು ಎತ್ತಿಕೊಂಡರು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಬಣ್ಣವೂ ಕೆಂಪೇ.

ಫೆಬ್ರವರಿಯ ಕೆಲಸ

ಬೂದಿ ಬುಧವಾರ ಫೆಬ್ರವರಿಯಲ್ಲಿ ಇಲ್ಲವೇ ಮಾರ್ಚ್ ಆರಂಭದಲ್ಲಿ ಬರುತ್ತದೆ. ಆ ಹೊತ್ತಿಗೆ ಹರಿವೆ, ಮೂಲಂಗಿ ಮುಗಿದಿರುತ್ತದೆ, ತಪಸ್ಸುಕಾಲದ ಸಾರಿಗೆ ಸೌತೆ ಮತ್ತು ಕುಂಬಳ ಉಳಿದಿರುತ್ತದೆ. ನೀರು ಕಡಿಮೆಯಾದಾಗ ಎಲ್ಲ ಗಿಡಕ್ಕೂ ಸ್ವಲ್ಪ ಸ್ವಲ್ಪ ಹಾಕುವ ಬದಲು ಗುಳ್ಳ ಮತ್ತು ಬಸಳೆಗೆ ಮಾತ್ರ ಬುಡ ತುಂಬ ಹಾಕಿ, ಒಣ ತರಗೆಲೆ ಹೊದಿಸಿ. ಬೀಜಕ್ಕೆ ಬಿಡುವ ಕಾಯಿಯನ್ನು ಬಳ್ಳಿಯ ಕೊನೆಯಲ್ಲಿ ಉಳಿದ ಸಣ್ಣದರಿಂದ ಆರಿಸದೆ, ಮೊದಲ ಕೊಯ್ಲಿನ ಒಳ್ಳೆಯ ಕಾಯಿಗಳಲ್ಲೇ ಗುರುತು ಹಾಕಿ ಬಿಡಬೇಕು. ಸೌತೆಕಾಯಿಯನ್ನು ತೊಟ್ಟು ಸಮೇತ ಕೊಯ್ದು, ಪೆಟ್ಟಾಗದಂತೆ ಬಾಳೆನಾರಿನಲ್ಲಿ ಕಟ್ಟಿ, ಗಾಳಿಯಾಡುವ ಮಾಡಿನ ಅಡಿಯಲ್ಲಿ ಒಂದಕ್ಕೊಂದು ತಾಗದಂತೆ ತೂಗುಹಾಕಿದರೆ ಮಳೆಗಾಲ ಶುರುವಾದ ಮೇಲೂ ತೆಗೆದು ಸಾಂಬಾರು ಮಾಡಬಹುದು.