ನೆಹರೂ ಪ್ಲೇಸ್‌ನಲ್ಲಿ ಹಳೆಯ ಲ್ಯಾಪ್‌ಟಾಪ್, ಫೋನ್ ಕೊಳ್ಳುತ್ತೀರಾ? ದರ ಕೇಳುವ ಮುನ್ನ ಇವನ್ನು ನೋಡಿ

ದೆಹಲಿಯ ಕಾಲ್ಕಾಜಿ ಬಳಿಯ ನೆಹರೂ ಪ್ಲೇಸ್‌ಗೆ ಮೆಟ್ರೋ ವಯಲೆಟ್ ಮಾರ್ಗದಲ್ಲಿ ಬಂದು ಇಳಿದರೆ ಸಾಕು, "ಲ್ಯಾಪ್‌ಟಾಪ್? ಪ್ರಿಂಟರ್? ರಿಪೇರಿ?" ಎಂಬ ಕೂಗು ಎರಡೂ ಕಡೆಯಿಂದ ಎದುರಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಬಲ್ಲವರಿಗೆ ಈ ವಾತಾವರಣ ಹೊಸದಲ್ಲ. ಓದಿಗೆ, ಕೆಲಸಕ್ಕೆ ಎಂದು ದೆಹಲಿ, ನೊಯ್ಡಾ, ಗುರುಗ್ರಾಮಕ್ಕೆ ಬರುವ ಕನ್ನಡಿಗರಲ್ಲೂ ಅನೇಕರು ಮೊದಲ ಲ್ಯಾಪ್‌ಟಾಪ್ ಹುಡುಕುವುದು ಇಲ್ಲಿಯೇ. ಹೊಸದರ ಅರ್ಧ ಬೆಲೆಗೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ ಒಳ್ಳೆಯ ಯಂತ್ರ ಸಿಗುವುದೂ ನಿಜ.

ಆದರೆ ಬಹುತೇಕರು ನೋಡುವುದು RAM ಎಷ್ಟು, ಸ್ಟೋರೇಜ್ ಎಷ್ಟು, ಬೆಲೆ ಎಷ್ಟು ಎಂಬ ಮೂರೇ ಸಂಗತಿ. ಕೇಳಲೇಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಸಾಧನಕ್ಕೆ ಇನ್ನು ಎಷ್ಟು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಬರುತ್ತದೆ? ಹಳೆಯ ಗ್ಯಾಜೆಟ್ ಕೊಳ್ಳುವಾಗ ನಾವು ನಿಜವಾಗಿ ಹಣ ಕೊಡುವುದು ಆ ಉಳಿದ ವರ್ಷಗಳಿಗೆ.

ಏನಿದು ನೆಹರೂ ಪ್ಲೇಸ್?

ದೆಹಲಿ ಅಭಿವೃದ್ಧಿ ಪ್ರಾಧಿಕಾರ ದಕ್ಷಿಣ ದೆಹಲಿಗೆ ಕಚೇರಿ ಕೇಂದ್ರವಾಗಿ ರೂಪಿಸಿದ ಜಾಗವಿದು. ಕಂಪ್ಯೂಟರ್ ಬಂದ ಮೇಲೆ ಬಿಡಿಭಾಗ, ರಿಪೇರಿ, ಸಾಫ್ಟ್‌ವೇರ್ ಮಾರಾಟದ ಅಂಗಡಿಗಳು ಇಲ್ಲಿ ನೆಲೆಯೂರಿದವು. ಒಂದು ಕಾಲಕ್ಕೆ ನಕಲಿ ಸಾಫ್ಟ್‌ವೇರ್ ಸಿಡಿಗಳಿಗೂ ಕುಖ್ಯಾತವಾಗಿದ್ದ ಈ ಮಾರುಕಟ್ಟೆಯ ಹೆಸರು ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿಯ 'ಕುಖ್ಯಾತ ಮಾರುಕಟ್ಟೆ'ಗಳ ಪಟ್ಟಿಯಲ್ಲೂ ಬಂದಿತ್ತು. ಸಿಡಿ ಕಾಲ ಮುಗಿದಿದೆ. ಈಗ ರೀಫರ್ಬಿಶ್ ಮಾಡಿದ, ಅಂದರೆ ಸರಿಪಡಿಸಿ ಮತ್ತೆ ಮಾರುವ ಲ್ಯಾಪ್‌ಟಾಪ್‌ಗಳ ವ್ಯಾಪಾರ ಜೋರಾಗಿದೆ.

ಕಂಪನಿಗಳು ಕೆಲವು ವರ್ಷ ಬಳಸಿ ಬದಲಿಸುವ ಲ್ಯಾಪ್‌ಟಾಪ್‌ಗಳು ಸಗಟಾಗಿ ಹರಾಜಾಗಿ ಇಂಥ ಮಾರುಕಟ್ಟೆಗಳನ್ನು ಸೇರುತ್ತವೆ. ಕಚೇರಿ ಬಳಕೆಗೆಂದೇ ಗಟ್ಟಿಯಾಗಿ ಮಾಡಿದ ಇವು, ಅದೇ ಬೆಲೆಯ ಅಗ್ಗದ ಹೊಸ ಲ್ಯಾಪ್‌ಟಾಪ್‌ಗಿಂತ ಹೆಚ್ಚು ಬಾಳಿಕೆ ಬರಬಹುದು. ಮೊಬೈಲ್ ವಿಷಯಕ್ಕೆ ಬಂದರೆ, ಕರೋಲ್ ಬಾಗ್‌ನ ಗಫಾರ್ ಮಾರ್ಕೆಟ್ ಹೆಸರುವಾಸಿ. ಖಾನ್ ಅಬ್ದುಲ್ ಗಫಾರ್ ಖಾನ್ ಅವರ ಹೆಸರು ಹೊತ್ತ ಆ ಮಾರುಕಟ್ಟೆಯಲ್ಲಿ ಪರದೆ, ಬ್ಯಾಟರಿಯಿಂದ ಹಿಡಿದು ಮದರ್‌ಬೋರ್ಡ್ ರಿಪೇರಿವರೆಗೆ ಎಲ್ಲವೂ ನಡೆಯುತ್ತದೆ.

ಲ್ಯಾಪ್‌ಟಾಪ್: 'ಎಂಟನೇ ತಲೆಮಾರು' ಗಡಿ

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ನೋಂದಾಯಿಸಿಕೊಂಡ ಮನೆಬಳಕೆಯ ಗ್ರಾಹಕರಿಗೆ ಭದ್ರತಾ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರವರೆಗೆ ಮಾತ್ರ ವಿಸ್ತರಿಸಿತು. ಹೀಗಾಗಿ ವಿಂಡೋಸ್ 11 ಓಡದ ಲ್ಯಾಪ್‌ಟಾಪ್‌ಗಳ ಆಯುಷ್ಯ ವಿಂಡೋಸ್ ಮಟ್ಟಿಗೆ ಮುಗಿದಂತೆಯೇ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಸೆಕ್ಯೂರ್ ಬೂಟ್ ಸೌಲಭ್ಯ, ಕನಿಷ್ಠ 4 ಜಿಬಿ RAM, 64 ಜಿಬಿ ಸ್ಟೋರೇಜ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ, ಕೆಲವೇ ಅಪವಾದ ಬಿಟ್ಟು, ಎಂಟನೇ ತಲೆಮಾರಿನದ್ದು ಅಥವಾ ಅದಕ್ಕಿಂತ ಹೊಸದು ಆಗಿರಬೇಕು. ಇದನ್ನು ಪತ್ತೆ ಮಾಡುವುದು ಸುಲಭ. ಪ್ರೊಸೆಸರ್ ಹೆಸರಿನಲ್ಲಿ ಅಡ್ಡಗೆರೆಯ ನಂತರದ ಅಂಕಿ ನೋಡಿ. ಐ5-7200ಯು ಎಂದಿದ್ದರೆ ಏಳನೇ ತಲೆಮಾರು, ಐ5-8250ಯು ಎಂದಿದ್ದರೆ ಎಂಟನೆಯದು, ಐ5-10210ಯು ಎಂದಿದ್ದರೆ ಹತ್ತನೆಯದು.

ಅಂಗಡಿಯವರು "ಇದರಲ್ಲೂ ವಿಂಡೋಸ್ 11 ಹಾಕಿದ್ದೇವೆ ನೋಡಿ" ಎಂದು ಏಳನೇ ತಲೆಮಾರಿನ ಯಂತ್ರ ತೋರಿಸಬಹುದು. ನಿಯಮ ತಪ್ಪಿಸಿ ಹಾಗೆ ಹಾಕಲು ಬರುತ್ತದೆ, ಯಂತ್ರ ಓಡುವುದೂ ನಿಜ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅನುಮಾನವಿದ್ದರೆ ಮೈಕ್ರೋಸಾಫ್ಟ್‌ನದೇ 'ಪಿಸಿ ಹೆಲ್ತ್ ಚೆಕ್' ಆ್ಯಪ್ ಅನ್ನು ಅಂಗಡಿಯಲ್ಲೇ ಓಡಿಸಿ ನೋಡಿ.

ಬ್ಯಾಟರಿಯನ್ನೂ ಅಲ್ಲೇ ಪರೀಕ್ಷಿಸಬಹುದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿ. ಅದರಲ್ಲಿ 'ಡಿಸೈನ್ ಕೆಪ್ಯಾಸಿಟಿ' ಎಂದರೆ ಹೊಸದಿದ್ದಾಗಿನ ಸಾಮರ್ಥ್ಯ, 'ಫುಲ್ ಚಾರ್ಜ್ ಕೆಪ್ಯಾಸಿಟಿ' ಎಂದರೆ ಈಗಿನ ಸಾಮರ್ಥ್ಯ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಿ.

ನಿಮ್ಮ ಕೆಲಸ ಬ್ರೌಸರ್, ಇಮೇಲ್, ಬರವಣಿಗೆಗೆ ಸೀಮಿತವೇ? ಹಾಗಿದ್ದರೆ ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟುವಿನಂಥ ಲಿನಕ್ಸ್ ಹಾಕಿಕೊಳ್ಳಬಹುದು. ಅಪ್‌ಡೇಟ್ ಉಚಿತವಾಗಿ ಬರುತ್ತದೆ. ಟ್ಯಾಲಿ, ಫೋಟೋಶಾಪ್‌ನಂಥವು ಬೇಕೇ ಬೇಕು ಎನ್ನುವವರು ಆ ದಾರಿ ಹಿಡಿಯದಿರುವುದು ಒಳಿತು.

ಫೋನ್: ಮೊದಲು ಐಎಂಇಐ, ಆಮೇಲೆ ಮಾತು

ಲ್ಯಾಪ್‌ಟಾಪ್‌ನಲ್ಲಿ ಎಡವಿದರೆ ಹಣ ಹೋಗುತ್ತದೆ. ಫೋನ್‌ನಲ್ಲಿ ಎಡವಿದರೆ ಪೊಲೀಸ್ ಠಾಣೆಗೂ ಹೋಗಬೇಕಾದೀತು. ಕದ್ದ ಮಾಲು ಎಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಬಿಲ್ ಇಲ್ಲದೆ, ಪೆಟ್ಟಿಗೆ ಇಲ್ಲದೆ, ನಂಬಲಾಗದಷ್ಟು ಅಗ್ಗಕ್ಕೆ ಕೊಂಡವರು "ನನಗೆ ಗೊತ್ತಿರಲಿಲ್ಲ" ಎಂದು ಒಪ್ಪಿಸುವುದು ಕಷ್ಟ.

ಫೋನ್‌ನಲ್ಲಿ *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ತೆರೆಯ ಮೇಲೆ ಬರುತ್ತದೆ. ಎರಡು ಸಿಮ್ ಫೋನ್ ಆದರೆ ಎರಡು ಸಂಖ್ಯೆ. ಪೆಟ್ಟಿಗೆ ಮತ್ತು ಬಿಲ್‌ನಲ್ಲಿರುವ ಸಂಖ್ಯೆಯೊಂದಿಗೆ ಅವನ್ನು ತಾಳೆ ನೋಡಿ. ನಂತರ ಇಂಗ್ಲಿಷಿನಲ್ಲಿ 'ಕೆವೈಎಂ' ಎಂದು ಬರೆದು, ಜಾಗ ಬಿಟ್ಟು, ಐಎಂಇಐ ಸಂಖ್ಯೆಯನ್ನು 14422ಕ್ಕೆ ಎಸ್‌ಎಂಎಸ್ ಕಳಿಸಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣ ಅಥವಾ ಆ್ಯಪ್‌ನಲ್ಲೂ ಇದೇ ಮಾಹಿತಿ ಸಿಗುತ್ತದೆ. ಉತ್ತರದಲ್ಲಿ ಬರುವ ಕಂಪನಿ ಮತ್ತು ಮಾದರಿ ನಿಮ್ಮ ಕೈಯಲ್ಲಿರುವ ಫೋನಿನದೇ ಆಗಿರಬೇಕು. ಬ್ಲ್ಯಾಕ್‌ಲಿಸ್ಟ್ ಆಗಿದೆ, ನಕಲು, ಈಗಾಗಲೇ ಬಳಕೆಯಲ್ಲಿದೆ ಎಂಬ ಉತ್ತರ ಬಂದರೆ ಆ ಫೋನ್ ಕೊಳ್ಳಬೇಡಿ.

ಕಳೆದ ಫೋನ್‌ಗಳನ್ನು ನಿರ್ಬಂಧಿಸುವ ಸಿಇಐಆರ್ ವ್ಯವಸ್ಥೆಯನ್ನು 2019ರಲ್ಲಿ ಮುಂಬೈ ಮತ್ತು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, 2023ರ ಮೇನಲ್ಲಿ ದೇಶವ್ಯಾಪಿ ಮಾಡಲಾಯಿತು. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಡಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ತರಬಲ್ಲ ಅಪರಾಧ.

ಐಫೋನ್ ಆದರೆ ಹಿಂದಿನ ಮಾಲೀಕರ ಆ್ಯಪಲ್ ಖಾತೆ ತೆಗೆದಿದೆಯೇ ಎಂದು ಖಚಿತಪಡಿಸಿಕೊಳ್ಳಿ. 'ಫೈಂಡ್ ಮೈ' ಚಾಲೂ ಇದ್ದರೆ ಆ ಫೋನ್ ನಿಮ್ಮದಾಗುವುದಿಲ್ಲ. ಆಂಡ್ರಾಯ್ಡ್‌ನಲ್ಲೂ ಹಳೆಯ ಗೂಗಲ್ ಖಾತೆ ತೆಗೆಯದೆ ಫೋನ್ ರೀಸೆಟ್ ಮಾಡಿದ್ದರೆ ಬೀಗ ಬೀಳಬಹುದು. ಐಫೋನ್ 12 ಮತ್ತು ನಂತರದವುಗಳಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೋದರೆ ಬ್ಯಾಟರಿ, ಪರದೆ, ಕ್ಯಾಮೆರಾ ಬದಲಾಗಿದ್ದರೆ ತಿಳಿಯುತ್ತದೆ.

ಏಳು ವರ್ಷ ಎಂದರೆ ಎಂದಿನಿಂದ?

ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಘೋಷಿಸಿದವು. ಈ ಲೆಕ್ಕ ನೀವು ಕೊಂಡ ದಿನದಿಂದಲ್ಲ, ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ. ಐಫೋನ್‌ಗೂ ಕೊನೆ ಇದೆ. 2025ರಲ್ಲಿ ಬಂದ ಐಒಎಸ್ 26, ಐಫೋನ್ ಎಕ್ಸ್‌ಆರ್ ಮತ್ತು ಎಕ್ಸ್‌ಎಸ್‌ಗೆ ಸಿಗಲಿಲ್ಲ, ಐಫೋನ್ 11ಕ್ಕೆ ಸಿಕ್ಕಿತು. ಒಂದೇ ವರ್ಷದ ಅಂತರವಿರುವ ಎರಡು ಮಾದರಿಗಳ ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸವಿದ್ದರೆ ಹೊಸದನ್ನೇ ಆರಿಸಿ. ಯುಪಿಐ, ಬ್ಯಾಂಕ್ ಆ್ಯಪ್ ಎಲ್ಲವೂ ಇರುವ ಫೋನ್‌ಗೆ ಭದ್ರತಾ ಅಪ್‌ಡೇಟ್ ನಿಂತುಹೋಗುವುದು ಸಣ್ಣ ಮಾತಲ್ಲ.

ಪಕ್ಕಾ ಬಿಲ್ ಬಿಡಬೇಡಿ

ಇಲ್ಲಿ 'ಟೆಸ್ಟಿಂಗ್ ವಾರಂಟಿ' ಎಂಬ ಮಾತು ಕೇಳಿಬರುತ್ತದೆ. ಕೆಲವು ದಿನಗಳೊಳಗೆ ದೋಷ ಕಂಡರೆ ಬದಲಿಸಿಕೊಡುತ್ತೇವೆ ಎಂಬುದಷ್ಟೇ ಅದರ ಅರ್ಥ. ಎಷ್ಟು ದಿನ, ಯಾವ ಭಾಗಕ್ಕೆ ಎಂಬುದನ್ನು ಬಿಲ್ ಮೇಲೆಯೇ ಬರೆಸಿಕೊಳ್ಳಿ. ಚೀಟಿಯಲ್ಲಿ ಗೀಚಿಕೊಡುವ ಕಚ್ಚಾ ಬಿಲ್ ಬೇಡ. ಜಿಎಸ್‌ಟಿ ಸಂಖ್ಯೆ ಮತ್ತು ಸಾಧನದ ಸೀರಿಯಲ್ ಅಥವಾ ಐಎಂಇಐ ಸಂಖ್ಯೆ ಇರುವ ಬಿಲ್ ಕೇಳಿ. ಮುಂದೆ ತಕರಾರು ಎದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು, ಗ್ರಾಹಕ ಆಯೋಗಕ್ಕೆ ಹೋಗಲು ಅದೇ ಆಧಾರ.

ಇಲ್ಲೇ ತಯಾರಾದರೆ ಸಾಲದು

ನೊಯ್ಡಾದ ಸೆಕ್ಟರ್ 81ರಲ್ಲಿ ಸ್ಯಾಮ್‌ಸಂಗ್ ವಿಸ್ತರಿಸಿದ ಮೊಬೈಲ್ ಕಾರ್ಖಾನೆಯನ್ನು 2018ರ ಜುಲೈ 9ರಂದು ಪ್ರಧಾನಿ ನರೇಂದ್ರ ಮೋದಿ ಮತ್ತು ದಕ್ಷಿಣ ಕೊರಿಯಾದ ಆಗಿನ ಅಧ್ಯಕ್ಷ ಮೂನ್ ಜೇ-ಇನ್ ಉದ್ಘಾಟಿಸಿದ್ದರು. ವರ್ಷಕ್ಕೆ 12 ಕೋಟಿ ಫೋನ್ ತಯಾರಿಸುವ ಗುರಿ ಅದರದ್ದು. ನಮ್ಮ ಕೋಲಾರದ ನರಸಾಪುರ, ದೇವನಹಳ್ಳಿಗಳಲ್ಲಿ ಐಫೋನ್ ತಯಾರಾಗುತ್ತಿದೆ. ಹೆಮ್ಮೆಯ ವಿಷಯವೇ. ಆದರೆ ಫೋನ್ ಇಲ್ಲಿ ಹುಟ್ಟುವುದು ಬೇರೆ, ಇಲ್ಲಿ ಬಹುಕಾಲ ಬಾಳುವುದು ಬೇರೆ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ತಾಣ ಆರಂಭಿಸಿತು. ರಿಪೇರಿ ಎಷ್ಟು ಸುಲಭ ಎಂಬುದಕ್ಕೆ ಅಂಕ ಕೊಡುವ ಸೂಚ್ಯಂಕದ ಬಗ್ಗೆ ಇಲಾಖೆಯ ಸಮಿತಿ 2025ರ ಮೇನಲ್ಲಿ ವರದಿ ಸಲ್ಲಿಸಿತು. ಫ್ರಾನ್ಸ್‌ನಲ್ಲಿ ಅಂಥ ಸೂಚ್ಯಂಕ 2021ರಿಂದಲೇ ಇದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನ್‌ಗಳಿಗೆ, ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡುವುದು ಕಡ್ಡಾಯ.

ನಮ್ಮಲ್ಲೂ ಆಗಬೇಕಾದ್ದು ಒಂದಿದೆ. ಔಷಧಿ ಪಟ್ಟಿಯ ಮೇಲೆ ಅವಧಿ ಮುಗಿಯುವ ದಿನಾಂಕ ಇರುವಂತೆ ಫೋನ್, ಲ್ಯಾಪ್‌ಟಾಪ್ ಪೆಟ್ಟಿಗೆಯ ಮೇಲೆ ಅಪ್‌ಡೇಟ್ ನಿಲ್ಲುವ ದಿನಾಂಕ ಮುದ್ರಿಸಬೇಕು. ಹಾಗಾದರೆ ನೆಹರೂ ಪ್ಲೇಸ್‌ನಲ್ಲಾಗಲಿ, ಎಸ್.ಪಿ. ರಸ್ತೆಯಲ್ಲಾಗಲಿ ಎರಡನೇ ಕೈಗೆ ಬರುವ ಸಾಧನದ ನಿಜವಾದ ಬೆಲೆ ಯಾರಿಗಾದರೂ ತಿಳಿಯುತ್ತದೆ. ಅಲ್ಲಿಯವರೆಗೆ ಆ ಲೆಕ್ಕ ಹಾಕುವ ಕೆಲಸ ಕೊಳ್ಳುವವರದ್ದೇ. ಅಂಗಡಿ ಮುಂದೆ ಹತ್ತು ನಿಮಿಷ ಹೆಚ್ಚು ನಿಂತರೂ ಪರವಾಗಿಲ್ಲ, ಲೆಕ್ಕ ಮುಗಿದ ಮೇಲೆಯೇ ಹಣ ಕೊಡಿ.